ಗೋಡೆ ಮೇಲಿನ ಪೋಸ್ಟರ್ ಮನೆಯೊಳಗಿನ ಹೊಡೆತ ನಿಲ್ಲಿಸುತ್ತದೆಯೇ?

ಪ್ರಶ್ನೆ: ಮನೆಯೊಳಗಿನ ಹಿಂಸೆ, ಲೈಂಗಿಕ ದೌರ್ಜನ್ಯ ತಡೆಯಲು ಇರುವ ಅಷ್ಟಿಷ್ಟು ದುಡ್ಡನ್ನು ಮೊದಲು ಜಾಗೃತಿ ಅಭಿಯಾನಕ್ಕೆ ಹಾಕಬೇಕೇ?

ಪರ: ಹೆಸರು ಗೊತ್ತಿದ್ದರೆ ತಾನೆ ದೂರು?

"ಪರವಾಗಿ ಬರೆದುಕೊಡಿ" ಎಂದು ಫೋನ್ ಬಂದಾಗ ಅರ್ಧ ಗಂಟೆಯ ಕೆಲಸ ಅಂದುಕೊಂಡೆ. ಜಾಗೃತಿ ಬೇಡ ಅನ್ನುವವರು ಯಾರಿದ್ದಾರೆ? ಬರೆಯಲು ಕೂತ ಮೇಲೆ ಪ್ರಶ್ನೆಯಲ್ಲಿರುವ "ಮೊದಲು" ಅನ್ನುವ ಪದ ಕಣ್ಣಿಗೆ ಬಿತ್ತು. ಅದು ಸ್ವಲ್ಪ ತೊಡಕಿನದು. ಇರಲಿ, ಒಪ್ಪಿಕೊಂಡಾಗಿದೆ.

ನನ್ನ ವಾದ ಇಷ್ಟೇ. ಹೆಸರಿಲ್ಲದ ನೋವಿಗೆ ದೂರು ಬರೆಯಲು ಆಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, ಜಗತ್ತಿನ ಮೂವರು ಹೆಂಗಸರಲ್ಲಿ ಹೆಚ್ಚುಕಡಿಮೆ ಒಬ್ಬರು ಬದುಕಿನಲ್ಲಿ ಒಮ್ಮೆಯಾದರೂ ಏಟನ್ನೋ ಲೈಂಗಿಕ ಹಿಂಸೆಯನ್ನೋ ಕಂಡವರು. ಲೆಕ್ಕ ಸಿಗುವ ಹೆಚ್ಚಿನ ದೇಶಗಳಲ್ಲಿ, ಹಾಗೆ ಕಂಡವರಲ್ಲಿ ಯಾರ ಬಳಿಯಾದರೂ ನೆರವು ಕೇಳಿದವರು ಶೇ. 40ಕ್ಕಿಂತ ಕಡಿಮೆ ಎನ್ನುತ್ತದೆ ವಿಶ್ವಸಂಸ್ಥೆ. ಉಳಿದವರು ಯಾಕೆ ಸುಮ್ಮನಿದ್ದರು? ಭಯ ಇದೆ, ನಾಚಿಕೆ ಇದೆ. ಜೊತೆಗೆ "ಇದೆಲ್ಲ ಎಲ್ಲರ ಮನೆಯಲ್ಲೂ ಇದ್ದದ್ದೇ" ಅನ್ನುವ ನಂಬಿಕೆಯೂ ಇದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂತ ಗಾದೆ ಕಟ್ಟಿದವರು ಏಟು ತಿಂದವರಂತೂ ಅಲ್ಲ.

ಕಾನೂನಿಗೂ ಹೆಸರಿಡಲು ಕಾಲ ಹಿಡಿಯಿತು. ಹೆಂಡತಿಯ ಮೇಲೆ ಗಂಡನೇ ಮಾಡಿದರೂ ಅತ್ಯಾಚಾರ ಅತ್ಯಾಚಾರವೇ ಎಂದು ಇಂಗ್ಲೆಂಡಿನ ಅತ್ಯುನ್ನತ ನ್ಯಾಯಪೀಠ ಹೇಳಿದ್ದು 1991ರಲ್ಲಿ. ಕೈ ಎತ್ತದೆಯೇ ಸಂಗಾತಿಯ ಫೋನು, ದುಡ್ಡು, ಓಡಾಟ ಎಲ್ಲವನ್ನೂ ಮುಷ್ಟಿಯಲ್ಲಿ ಇಟ್ಟುಕೊಳ್ಳುವುದು ಅಲ್ಲಿ ಅಪರಾಧವಾದದ್ದು 2015ರಲ್ಲಿ. ಅದಕ್ಕೆ ಮೊದಲು ಇದೆಲ್ಲ ಇರಲಿಲ್ಲವೇ? ಇತ್ತು. ಹೆಸರಿರಲಿಲ್ಲ.

ಕೆಲವು ತಿಳಿವಳಿಕೆ ಜೀವವನ್ನೇ ಉಳಿಸುತ್ತದೆ. ಅಮೆರಿಕದಲ್ಲಿ 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ ನೋಡಿ. ಸಂಗಾತಿ ಹಿಂದೊಮ್ಮೆ ಕತ್ತು ಹಿಸುಕಿದ್ದರೆ, ಮುಂದೆ ಅವಳು ಅವನ ಕೈಯಲ್ಲೇ ಕೊಲೆಯಾಗುವ ಸಂಭವ ಏಳು ಪಟ್ಟಿಗಿಂತ ಜಾಸ್ತಿ. ಕತ್ತಿನ ಮೇಲೆ ಎಷ್ಟೋ ಸಲ ಗುರುತೇ ಉಳಿಯುವುದಿಲ್ಲ. ಹಾಗಾಗಿ "ಸ್ವಲ್ಪ ಒತ್ತಿದ, ಅಷ್ಟೇ" ಅಂತ ಅವಳೂ ಅಂದುಕೊಳ್ಳುತ್ತಾಳೆ, ಕೇಳಿದ ನಾವೂ ಅಂದುಕೊಳ್ಳುತ್ತೇವೆ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದರೆ ತಪ್ಪೇನು?

2020ರಲ್ಲಿ ಕೆನಡಾದಲ್ಲಿ ಒಂದು ಕೈಸನ್ನೆಯನ್ನು ಪ್ರಚಾರ ಮಾಡಿದರು. ಅಂಗೈ ತೋರಿಸಿ, ಹೆಬ್ಬೆರಳು ಮಡಚಿ, ಉಳಿದ ಬೆರಳುಗಳನ್ನು ಅದರ ಮೇಲೆ ಮುಚ್ಚುವುದು. ಮಾತಾಡಲು ಆಗದವರು ನೆರವು ಕೇಳುವ ದಾರಿ ಅದು. ಮರುವರ್ಷ ನವೆಂಬರಿನಲ್ಲಿ ಅಮೆರಿಕದ ಕೆಂಟಕಿಯಲ್ಲಿ, ಕಾರಿನಲ್ಲಿ ಸಿಕ್ಕಿಕೊಂಡಿದ್ದ 16ರ ಹುಡುಗಿ ಆ ಸನ್ನೆ ತೋರಿಸಿದಳು. ಪಕ್ಕದ ವಾಹನದವರು ಗುರುತಿಸಿ ಪೊಲೀಸರಿಗೆ ಫೋನ್ ಮಾಡಿದರು. ಅವಳಿಗೆ ಮಾತ್ರ ಗೊತ್ತಿದ್ದರೆ ಏನಾಗುತ್ತಿತ್ತು?

ಉಗಾಂಡದ ಕಂಪಾಲಾದ 'ಸಾಸಾ' ಕಾರ್ಯಕ್ರಮವನ್ನೂ ಹೇಳಬೇಕು. ಅಲ್ಲಿ ನೆರೆಹೊರೆಯ ಸಾಮಾನ್ಯ ಜನರೇ ತರಬೇತಿ ಪಡೆದು, ಬಲ ಯಾರ ಕೈಲಿದೆ, ಅದನ್ನು ಹೇಗೆ ಬಳಸುತ್ತೇವೆ ಅಂತ ಮಾತು ತೆಗೆದರು. ನಾಟಕ ಆಡಿದರು, ಪೋಸ್ಟರ್ ಹಿಡಿದು ಚರ್ಚೆ ಮಾಡಿದರು. ಕಾರ್ಯಕ್ರಮ ನಡೆದ ಕಡೆ ಸಂಗಾತಿಯಿಂದ ಹೊಡೆತ ತಿಂದವರ ಪ್ರಮಾಣ, ನಡೆಯದ ಕಡೆಗಿಂತ ಶೇ. 52ರಷ್ಟು ಕಡಿಮೆ ಇತ್ತು.

ನನ್ನದೇ ಒಂದು ಮಾತು ಹೇಳಿಬಿಡುತ್ತೇನೆ. ಹಿಂದೆ ನಾನಿದ್ದ ಮನೆಯ ಪಕ್ಕದಲ್ಲಿ ರಾತ್ರಿ ಸದ್ದು ಕೇಳುತ್ತಿತ್ತು. ನಾನು ಟಿವಿ ಸದ್ದು ಜಾಸ್ತಿ ಮಾಡುತ್ತಿದ್ದೆ. ಬಾಗಿಲು ತಟ್ಟಿ "ಸ್ವಲ್ಪ ಸಕ್ಕರೆ ಇದೆಯಾ" ಅಂದರೂ ಆ ಕ್ಷಣಕ್ಕೆ ಕೈ ತಡೆಯಬಹುದು ಅಂತ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ತಟ್ಟುತ್ತಿದ್ದೆನಾ? ತಟ್ಟುತ್ತಿದ್ದೆ ಅಂದುಕೊಳ್ಳುತ್ತೇನೆ.

ಎದುರಿನವರು "ಆಶ್ರಯ ಮನೆ ಮೊದಲು" ಅನ್ನುತ್ತಾರಂತೆ. ಅವರ ಲೆಕ್ಕದಲ್ಲಿ ಬೀದಿಗೊಂದು ಕೋಟೆ ಕಟ್ಟಿ ಹೆಂಗಸರನ್ನೆಲ್ಲ ಅದರೊಳಗೆ ಕೂರಿಸಿದರೆ ಮುಗಿಯಿತು. ಹೊಡೆಯುವವನು ಹೊರಗೆ ಹಾಯಾಗಿರಬಹುದು.

ವಿರೋಧ: ಗೊತ್ತಾದ ಮೇಲೆ ಹೋಗುವುದೆಲ್ಲಿಗೆ?

ನಾನು ಆರು ವರ್ಷ ಒಂದು ಸಹಾಯವಾಣಿಯಲ್ಲಿ ರಾತ್ರಿ ಪಾಳಿ ಮಾಡಿದ್ದೇನೆ. "ನನಗೆ ಆಗುತ್ತಿರುವುದು ಹಿಂಸೆಯಾ, ಅಲ್ವಾ?" ಅಂತ ಕೇಳಿದವರು ಬೆರಳೆಣಿಕೆ. ಮಿಕ್ಕವರೆಲ್ಲ ಕೇಳಿದ್ದು ಒಂದೇ: "ಎಲ್ಲಿಗೆ ಹೋಗಲಿ?"

ಒಂದು ರಾತ್ರಿ ಹನ್ನೊಂದೂವರೆಗೆ ಒಬ್ಬರು ಫೋನ್ ಮಾಡಿದರು. ಆಸ್ಪತ್ರೆಯ ಶೌಚಾಲಯದಲ್ಲಿ ನಮ್ಮ ಪೋಸ್ಟರ್ ನೋಡಿದ್ದರು. ನಂಬರ್ ಬರೆದುಕೊಂಡಿರಲಿಲ್ಲ, ಬಾಯಿಪಾಠ ಮಾಡಿಕೊಂಡಿದ್ದರು. ಬರೆದರೆ ಅವನ ಕೈಗೆ ಸಿಗುತ್ತದಲ್ಲ. ಪಿಸುಮಾತಿನಲ್ಲಿ ಹೇಳಿದರು: "ನಿಮ್ಮ ಪೋಸ್ಟರಿನಲ್ಲಿ 'ನೀವು ಒಂಟಿಯಲ್ಲ' ಅಂತ ಇತ್ತು. ನಾನೂ ಮಗನೂ ಈಗ ಹೊರಡಬಹುದು. ಅವರು ಮಲಗಿದ್ದಾರೆ. ಎಲ್ಲಿಗೆ ಬರಲಿ?"

ನಾನು ಮೂರು ಕಡೆ ವಿಚಾರಿಸಿದೆ. ಎರಡು ಕಡೆ ಮಂಚ ಖಾಲಿ ಇರಲಿಲ್ಲ. ಮೂರನೆಯ ಕಡೆ ಜಾಗ ಇತ್ತು. ಮಗನ ವಯಸ್ಸು ಕೇಳಿದರು. ಹದಿಮೂರು ಅಂದೆ. ಹನ್ನೆರಡು ದಾಟಿದ ಗಂಡುಮಕ್ಕಳನ್ನು ಅಲ್ಲಿ ಸೇರಿಸುತ್ತಿರಲಿಲ್ಲ. ಆ ನಿಯಮಕ್ಕೂ ಕಾರಣ ಇದೆ, ಒಳಗಿರುವ ಬೇರೆ ಹೆಂಗಸರ, ಹೆಣ್ಣುಮಕ್ಕಳ ನೆಮ್ಮದಿ ನೋಡಬೇಕು. ಆದರೆ ಅದನ್ನು ಫೋನಿನಲ್ಲಿ ಹೇಳಬೇಕಾದವಳು ನಾನು. ಹೇಳಿದೆ. ಅವರು "ಆಯ್ತು ಬಿಡಿ, ತೊಂದರೆ ಕೊಟ್ಟೆ" ಅಂದು ಫೋನ್ ಇಟ್ಟರು.

ತೊಂದರೆ ಕೊಟ್ಟೆ ಅಂದರು!

ಆ ಪೋಸ್ಟರ್ ಮಾಡಿದವರಲ್ಲಿ ನಾನೂ ಒಬ್ಬಳು. ಬಣ್ಣ ಯಾವುದಿರಲಿ ಅಂತ ಎರಡು ಸಂಜೆ ಚರ್ಚೆ ಮಾಡಿದ್ದೆವು. ಹೊರಗೆ ಬಂದರೆ ರಾತ್ರಿ ಎಲ್ಲಿ ಮಲಗಿಸೋಣ ಅಂತ ಒಂದು ಸಂಜೆಯೂ ಕೂತಿರಲಿಲ್ಲ. ಹಾಗಾಗಿ "ಹೊರಗೆ ಬನ್ನಿ, ಮೌನ ಮುರಿಯಿರಿ" ಅನ್ನುವ ಪೋಸ್ಟರ್ ಕಂಡರೆ ಈಗ ಮೈ ಉರಿಯುತ್ತದೆ. ಅವಳು ಬಿಟ್ಟು ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ ಹೊತ್ತು. ಈ ಕೆಲಸ ಮಾಡಿದ ಯಾರನ್ನಾದರೂ ಕೇಳಿ. ವಿಶ್ವಸಂಸ್ಥೆಯ ಲೆಕ್ಕದಂತೆ 2023ರಲ್ಲಿ ಸುಮಾರು 51,100 ಹೆಂಗಸರು, ಹೆಣ್ಣುಮಕ್ಕಳು ಸಂಗಾತಿಯ ಅಥವಾ ಮನೆಯವರ ಕೈಯಲ್ಲೇ ಸತ್ತರು. ಹತ್ತು ನಿಮಿಷಕ್ಕೆ ಒಬ್ಬರು. ಅವರಿಗೆ ಅಪಾಯದ ಹೆಸರು ಗೊತ್ತಿರಲಿಲ್ಲ ಅಂತೀರಾ?

ಎದುರಿನವರು ಕಂಪಾಲಾ ತಂದೇ ತರುತ್ತಾರೆ ಅಂತ ಗೊತ್ತಿತ್ತು. ಎಲ್ಲರೂ ತರುತ್ತಾರೆ. ಅಲ್ಲಿ ನೋಡಿದ್ದು ಎಂಟೇ ಎಂಟು ಬಡಾವಣೆ. ನಾಲ್ಕರಲ್ಲಿ ಕಾರ್ಯಕ್ರಮ ನಡೆಯಿತು, ನಾಲ್ಕರಲ್ಲಿ ಇಲ್ಲ. ಅದೂ ಸುಮಾರು ಮೂರು ವರ್ಷ, ಅದೇ ಬೀದಿಯ ಜನ ಅದೇ ಬೀದಿಯವರ ಜೊತೆ ಮತ್ತೆ ಮತ್ತೆ ಕೂತು ಮಾತಾಡಿದ್ದು. ಅದನ್ನು ಪೋಸ್ಟರ್ ಅಂಟಿಸಿ ಫೋಟೋ ತೆಗೆಸಿಕೊಳ್ಳುವವರ ಲೆಕ್ಕಕ್ಕೆ ಸೇರಿಸಬೇಡಿ. ಕತ್ತು ಹಿಸುಕುವ ವಿಷಯವೂ ಅಷ್ಟೆ. ಅದನ್ನು ಡಾಕ್ಟರಿಗೆ, ಪೊಲೀಸರಿಗೆ ಕಲಿಸಿ. ನನಗೆ ಫೋನ್ ಮಾಡುವವರಿಗೆ ತಮ್ಮ ಕತ್ತಿಗೆ ಏನಾಯಿತು ಅಂತ ಗೊತ್ತಿದೆ.

ಕರಪತ್ರ ಎಷ್ಟು ಕೆಲಸ ಮಾಡುತ್ತದೆ ಅಂತ ನೋಡಬೇಕೇ? ಕೆನಡಾದ ವಿಶ್ವವಿದ್ಯಾಲಯಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಒಂದು ಅಧ್ಯಯನವಿದೆ. ಮೊದಲ ವರ್ಷದ ಸುಮಾರು 900 ಹುಡುಗಿಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹನ್ನೆರಡು ಗಂಟೆಯ ತರಬೇತಿ. ಅಪಾಯ ಗುರುತಿಸುವುದು, ಪರಿಚಿತನೇ ಒತ್ತಾಯ ಮಾಡಿದಾಗ ಬಾಯಿಂದ, ಮೈಯಿಂದ ತಡೆಯುವುದು, ಎಲ್ಲವನ್ನೂ ಮಾಡಿ ಕಲಿತರು. ಇನ್ನೊಂದು ಗುಂಪಿನ ಮುಂದೆ ಕರಪತ್ರ ಇಟ್ಟರು. ಒಂದು ವರ್ಷದಲ್ಲಿ ತರಬೇತಿ ಪಡೆದವರಲ್ಲಿ ಶೇ. 5.2ರಷ್ಟು ಜನ ಅತ್ಯಾಚಾರಕ್ಕೆ ಒಳಗಾಗಿದ್ದರು. ಕರಪತ್ರದ ಗುಂಪಿನಲ್ಲಿ ಶೇ. 9.8. ತರಬೇತಿಯೂ ಜಾಗೃತಿಯೇ ಅಲ್ವಾ ಅಂತ ಎದುರಿನವರು ಹೇಳಬಹುದು. ಹೇಳಲಿ. ಹನ್ನೆರಡು ಗಂಟೆಗೆ ದುಡ್ಡು ಕೊಡುವವರನ್ನು ತೋರಿಸಲಿ.

ನ್ಯೂಯಾರ್ಕಿನ ಶಾಲೆಗಳಲ್ಲಿ ಇನ್ನೊಂದು ಕೆಲಸ ಮಾಡಿದ್ದರು, ಅದು ನನಗೆ ತುಂಬಾ ಇಷ್ಟ. ಮಕ್ಕಳ ಕೈಗೆ ಶಾಲೆಯ ನಕ್ಷೆ ಕೊಟ್ಟು, ಭಯ ಆಗುವ ಜಾಗಕ್ಕೆ ಬಣ್ಣ ಹಚ್ಚಲು ಹೇಳಿದರು. ಮೆಟ್ಟಿಲ ಕೆಳಗೆ, ಕಾರಿಡಾರಿನ ಮೂಲೆ, ಇಂಥವೆಲ್ಲ. ಅಲ್ಲಿ ದೊಡ್ಡವರ ಓಡಾಟ ಜಾಸ್ತಿ ಮಾಡಿದರು. ಲೈಂಗಿಕ ಕಿರುಕುಳ, ಹಿಂಸೆ ಕಡಿಮೆಯಾಯಿತು. ಬರೀ ತರಗತಿಯ ಪಾಠದಿಂದ ಅಷ್ಟು ಆಗಲಿಲ್ಲ. (ಪೋಸ್ಟರನ್ನೂ ಅಂಟಿಸಿದ್ದರು, ನಿಜ. ಮುಚ್ಚಿಡುವುದಿಲ್ಲ.)

1971ರಲ್ಲಿ ಲಂಡನ್ನಿನ ಚಿಸ್ವಿಕ್‌ನಲ್ಲಿ ಎರಿನ್ ಪಿಜ್ಜಿ ಮತ್ತು ಜೊತೆಗಾರರು ಹೆಂಗಸರು ಸೇರಿ ಹರಟಲು ಒಂದು ಸಣ್ಣ ಮನೆ ತೆರೆದರು. ಮೈಮೇಲೆ ಬಾಸುಂಡೆ ಇದ್ದವರು ಬಂದರು. ಮಕ್ಕಳನ್ನು ಕಟ್ಟಿಕೊಂಡು ಬಂದರು. ಕಾಲಿಡಲು ಜಾಗ ಇಲ್ಲದಷ್ಟು ತುಂಬಿತು. ಆಮೇಲೆ ತಾನೆ ಪತ್ರಿಕೆಗಳು ಬರೆದದ್ದು, ಸಂಸತ್ತು ಕಿವಿಗೊಟ್ಟದ್ದು. ಮೊದಲು ಬಾಗಿಲು ತೆರೆಯಿತು. ಜಾಗೃತಿ ಹಿಂದಿನಿಂದ ಓಡಿಬಂತು.

ಇನ್ನು ನವೆಂಬರ್ 25, ಹೆಂಗಸರ ಮೇಲಿನ ಹಿಂಸೆ ನಿಲ್ಲಬೇಕು ಅಂತ ಜಗತ್ತೆಲ್ಲ ಆಚರಿಸುವ ದಿನ. ಡೊಮಿನಿಕನ್ ಗಣರಾಜ್ಯದ ಸರ್ವಾಧಿಕಾರಿಗೆ ಎದುರು ನಿಂತ ಮಿರಾಬಾಲ್ ಸಹೋದರಿಯರು ಮೂವರನ್ನು 1960ರಲ್ಲಿ ಕೊಂದ ದಿನ ಅದು. ಆ ನೆನಪಿಗೆ ನಾವು ಮಾಡುವುದೇನು? ಕಟ್ಟಡಗಳಿಗೆ ಕಿತ್ತಳೆ ಬಣ್ಣದ ದೀಪ. ಒಂದು ವರ್ಷ ನಮ್ಮ ಕಚೇರಿಗೂ ಹಾಕಿದರು. ಒಳಗೆ ಎರಡನೇ ಫೋನು ಕೆಟ್ಟು ತಿಂಗಳಾಗಿತ್ತು. ರಿಪೇರಿಗೆ ದುಡ್ಡಿಲ್ಲ ಅಂದಿದ್ದರು.

ಆ ಹೆಂಗಸು ಮತ್ತೆ ಫೋನ್ ಮಾಡಿದ್ದು ಎಂಟು ತಿಂಗಳ ಮೇಲೆ. ನಂಬರ್ ಇನ್ನೂ ಬಾಯಿಗೇ ಇತ್ತು. ಹೆಸರು ಹೇಳಲಿಲ್ಲ, ದನಿಯಿಂದ ಗುರುತು ಹಿಡಿದೆ. "ಈಗ ಜಾಗ ಇದೆಯಾ?" ಅಂದರು.

ಅವತ್ತು ಒಂದು ಮಂಚ ಖಾಲಿ ಇತ್ತು. ಮಗನಿಗೆ ಹದಿನಾಲ್ಕು ತುಂಬಿತ್ತು.