ನೀಲಿ ಬಳಿದ ಮಾತ್ರಕ್ಕೆ ಮನಸ್ಸು ತಣ್ಣಗಾಗುವುದಿಲ್ಲ

ಮನೆಯ ಗೋಡೆಗೆ ಯಾವ ಬಣ್ಣ ಬಳಿದರೆ ಮನಸ್ಸಿಗೆ ಏನಾಗುತ್ತದೆ ಅಂತ ಹೇಳುವ ಅದೇ ಪಟ್ಟಿ ಇವತ್ತು ಬೆಳಗ್ಗೆಯಿಂದ ಮತ್ತೆ ಕೈಯಿಂದ ಕೈಗೆ ಓಡಾಡುತ್ತಿದೆ. ನೀಲಿ ಅಂದರೆ ಶಾಂತಿ, ಹಳದಿ ಅಂದರೆ ಖುಷಿ, ಕೆಂಪು ಅಂದರೆ ಹುರುಪು, ಹಸಿರು ಅಂದರೆ ನೆಮ್ಮದಿ. ಬಣ್ಣದ ವಿಷಯಕ್ಕೆ ಬಂದರೆ ನಾನು ಸುಮ್ಮನಿರುವುದಿಲ್ಲ ಅನ್ನೋದು ನಿಮಗೆ ಗೊತ್ತೇ ಇದೆ. ಇದನ್ನು ನಂಬಿ ಜನ ಡಬ್ಬಿಗಟ್ಟಲೆ ಬಣ್ಣ ತಂದು, ವರ್ಷಾನುಗಟ್ಟಲೆ ಆ ಗೋಡೆಗಳ ನಡುವೆ ಬದುಕುತ್ತಾರೆ. ಅದಕ್ಕೇ ಸಿಟ್ಟು ಬರುವುದು.

ಯಾವ ನೀಲಿ? ಪಟ್ಟಿ ಅದನ್ನು ಹೇಳುವುದೇ ಇಲ್ಲ. ಮೋಡ ಕವಿದ ಆಕಾಶದಂಥ ಮಂಕು ನೀಲಿಯೂ ನೀಲಿಯೇ, ಕಣ್ಣಿಗೆ ರಾಚುವ ಕಡುನೀಲಿಯೂ ನೀಲಿಯೇ. ಬಣ್ಣಕ್ಕೆ ಮೂರು ಅಳತೆಗಳಿವೆ: ಅದು ಯಾವ ವರ್ಣ, ಎಷ್ಟು ತಿಳಿ ಅಥವಾ ಗಾಢ, ಎಷ್ಟು ತೀವ್ರ. 1994ರಲ್ಲಿ ವಾಲ್ಡೆಜ್ ಮತ್ತು ಮೆಹ್ರಾಬಿಯನ್ ಎಂಬ ಮನೋವಿಜ್ಞಾನಿಗಳು ಇದನ್ನು ಪರೀಕ್ಷಿಸಿದಾಗ, ಭಾವನೆಯ ಮೇಲೆ ಸ್ಪಷ್ಟ ಪರಿಣಾಮ ಕಂಡದ್ದು ಕೊನೆಯ ಎರಡರಿಂದ. ತಿಳಿಯಾದಷ್ಟೂ ಹಿತ, ತೀವ್ರವಾದಷ್ಟೂ ಉದ್ರೇಕ. ವರ್ಣದ ಪಾಲು ಅದಕ್ಕಿಂತ ಕಡಿಮೆ. ಅವರು ಬಳಸಿದ್ದು ಬಣ್ಣದ ತುಣುಕುಗಳನ್ನು, ಕೋಣೆಗಳನ್ನಲ್ಲ, ನಿಜ. ಆದರೆ ಕೋಣೆಯಲ್ಲಿ ತೀವ್ರತೆಯ ಕಾಟ ಇನ್ನೂ ಜಾಸ್ತಿಯೇ ಆಗುತ್ತದೆ.

ಏಕೆಂದರೆ ಕೋಣೆಯ ಗೋಡೆಗಳು ಒಂದಕ್ಕೊಂದು ಎದುರುಬದುರು ನಿಂತಿರುತ್ತವೆ. ನಿಂಬೆಹಳದಿ ಬಳಿದ ಚಿಕ್ಕ ಕೋಣೆಯ ಮೂಲೆಯನ್ನು ನಡುಮಧ್ಯಾಹ್ನ ಗಮನಿಸಿ. ಒಂದು ಗೋಡೆಗೆ ಬಿದ್ದ ಬೆಳಕು ಹಳದಿಯಾಗಿ ಚಿಮ್ಮಿ ಪಕ್ಕದ ಗೋಡೆಗೆ ಬೀಳುತ್ತದೆ, ಅಲ್ಲಿಂದ ಇನ್ನಷ್ಟು ಹಳದಿಯಾಗಿ ವಾಪಸು ಬರುತ್ತದೆ. ಮೂಲೆಯ ಹತ್ತಿರ ಬಣ್ಣ, ಅಂಗಡಿಯಲ್ಲಿ ಆರಿಸಲು ಕೊಡುವ ಶೇಡ್ ಕಾರ್ಡಿನಲ್ಲಿ ಇಲ್ಲವೇ ಇಲ್ಲದಷ್ಟು ಗಟ್ಟಿಯಾಗಿರುತ್ತದೆ. ಬಿಳಿ ಚಾವಣಿಯ ಅಂಚಿಗೆ ಹಳದಿ ಹತ್ತುತ್ತದೆ. ಅಲ್ಲಿ ಕೂತವರ ಮುಖವೂ ಹಳದಿಗೆ ತಿರುಗಿ ಕಾಯಿಲೆಯವರ ಮುಖದಂತೆ ಕಾಣುತ್ತದೆ. ಪಟ್ಟಿಯ ಪ್ರಕಾರ ಇದು ಖುಷಿಯ ಕೋಣೆ! ಕಾರ್ಡಿನಲ್ಲಿ ನಿಮಗೆ ಹಿಡಿಸಿದ ಶೇಡಿಗಿಂತ ಒಂದು ಮೆಟ್ಟಿಲು ಮಂಕಾದದ್ದನ್ನು, ಬೂದಿ ಬೆರೆತಂತೆ ಕಾಣುವುದನ್ನು ಆರಿಸಿ. ಅಂಗಡಿಯಲ್ಲಿ ಅದು ಸಪ್ಪೆ ಅನ್ನಿಸುತ್ತದೆ, ನಾಲ್ಕೂ ಗೋಡೆಗೆ ಬಿದ್ದಾಗ ಸರಿಯಾಗಿ ಕೂರುತ್ತದೆ.

ಇನ್ನು ಕೆಂಪು. ಹುರುಪು ಕೊಡುತ್ತದಂತೆ. ಬೆಳಕು ತೀರಾ ಕಡಿಮೆಯಾದಾಗ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಮಾಸುವುದೇ ಕೆಂಪು. ಪರ್ಕಿಂಜೆ ಪರಿಣಾಮ ಅನ್ನುವುದು ಇದನ್ನೇ. ಮುಸ್ಸಂಜೆಯಲ್ಲಿ ದೀಪ ಹಾಕುವ ಮುಂಚೆ ಆ ಹುರುಪಿನ ಗೋಡೆ ಹೆಚ್ಚುಕಡಿಮೆ ಕಪ್ಪು. ಕೆಲಸದ ತೊಂದರೆ ಬೇರೆ. ಕಡುಗೆಂಪಿನ ಡಬ್ಬಿಯಲ್ಲಿ, ಗೋಡೆಯನ್ನು ಮುಚ್ಚಿಹಾಕುವ ಬಿಳಿ ಪುಡಿ, ಅಂದರೆ ಟೈಟಾನಿಯಂ ಡೈಆಕ್ಸೈಡ್, ಇರುವುದೇ ಅತ್ಯಲ್ಪ. ಬಿಳಿ ಪ್ರೈಮರ್ (ಬಣ್ಣಕ್ಕೂ ಮುಂಚೆ ಬಳಿಯುವ ತಳದ ಕೋಟ್) ಮೇಲೆ ಎರಡು ಕೋಟ್ ಹೊಡೆದರೆ ರೋಲರ್ ಗೆರೆಗಳು ಎದ್ದು ಕಾಣುತ್ತವೆ. ಪ್ರೈಮರನ್ನೇ ನಡು ಬೂದುಬಣ್ಣಕ್ಕೆ ಟಿಂಟ್ ಮಾಡಿಸಿ, ಮೇಲೆ ಮೂರು ಕೋಟ್ ಕೊಡಬೇಕು. ಹೊಳಪಿಲ್ಲದ ಮ್ಯಾಟ್ ಬಣ್ಣವಾದರೆ ಕೈ ತಾಗಿದಲ್ಲೆಲ್ಲ ಉಜ್ಜಿದ ಗುರುತು ಕೂರುತ್ತದೆ.

"ವಿಜ್ಞಾನಿಗಳೇ ಹೇಳಿದ್ದಾರಲ್ಲ, ಗುಲಾಬಿ ಬಳಿದ ಜೈಲಿನಲ್ಲಿ ಕೈದಿಗಳು ಶಾಂತರಾದರಂತೆ" ಅನ್ನುವವರಿದ್ದಾರೆ. ಹೌದು, 1979ರಲ್ಲಿ ಅಮೆರಿಕದ ಸಿಯಾಟಲ್‌ನ ನೌಕಾಪಡೆ ಜೈಲಿನ ಒಂದು ಕೋಣೆಗೆ ಗುಲಾಬಿ ಬಳಿದರು. ಅಲ್ಲಿನ ಇಬ್ಬರು ಅಧಿಕಾರಿಗಳ ಹೆಸರಲ್ಲೇ ಅದು ಬೇಕರ್-ಮಿಲ್ಲರ್ ಗುಲಾಬಿ ಎಂದಾಯಿತು. ಆಮೇಲೆ ಸ್ವಿಟ್ಜರ್ಲೆಂಡಿನ ಜೈಲೊಂದರಲ್ಲಿ ಗುಲಾಬಿ ಕೋಣೆ ಮತ್ತು ಬಿಳಿ ಕೋಣೆಯ ಕೈದಿಗಳನ್ನು ಹೋಲಿಸಿದಾಗ ಸಿಟ್ಟಿನಲ್ಲಿ ವ್ಯತ್ಯಾಸ ಸಿಗಲಿಲ್ಲ. ಮೊದಲನೆಯದನ್ನು ಎಲ್ಲರೂ ಹಂಚುತ್ತಾರೆ, ಎರಡನೆಯದನ್ನು ಯಾರೂ ಹಂಚುವುದಿಲ್ಲ. ಸಾಕು ಆ ಜೈಲಿನ ಕಥೆ.

ಬಣ್ಣದಿಂದ ಮನಸ್ಸಿಗೆ ಏನೂ ಆಗುವುದಿಲ್ಲ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಆಗುತ್ತದೆ. ಆದರೆ ಅದು ಬಣ್ಣದ ಹೆಸರಿನಿಂದ ಆಗುವುದಲ್ಲ. ಆ ಕೋಣೆಯ ಬೆಳಕಿನಲ್ಲಿ ಆ ಶೇಡ್ ಹೇಗೆ ಕಾಣುತ್ತದೆ ಅನ್ನುವುದರಿಂದ ಆಗುತ್ತದೆ. ನೇರ ಬಿಸಿಲು ಬೀಳದ ಕಿಟಕಿಯಿಂದ ಬರುವುದು ಆಕಾಶದ ಬೆಳಕು, ಅದರಲ್ಲೇ ನೀಲಿ ಇರುತ್ತದೆ. ಅಂಥ ಕೋಣೆಗೆ ತಿಳಿನೀಲಿ ಬಳಿದು 6500 ಕೆಲ್ವಿನ್ ಬಲ್ಬ್ (ಕೆಲ್ವಿನ್ ಅಂದರೆ ಬೆಳಕಿನ ಬಣ್ಣದ ಅಳತೆ, ಹೆಚ್ಚಾದಷ್ಟೂ ನೀಲಿ, ಕಡಿಮೆಯಾದಷ್ಟೂ ಹಳದಿ) ಹಾಕಿದರೆ ಮೈ ಕೊರೆಯುವ ಕಳೆ ಬರುತ್ತದೆ. ಅದೇ ಗೋಡೆಯ ಮೇಲೆ 2700 ಕೆಲ್ವಿನ್ ಬೆಳಕು ಬಿದ್ದರೆ ನೀಲಿ ಸತ್ತು ಬೂದುಬಣ್ಣವಾಗುತ್ತದೆ. ಎಷ್ಟೋ ಸಲ ತಪ್ಪು ಬಲ್ಬಿನದು, ಬೈಸಿಕೊಳ್ಳುವುದು ಬಣ್ಣ. ಮನೆಗೆ 2700ರಿಂದ 3000 ಕೆಲ್ವಿನ್, ಸಿಆರ್‌ಐ (ಬಣ್ಣಗಳನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನುವ ಅಂಕ, 100ಕ್ಕೆ) 90 ಇರುವ ಬಲ್ಬ್ ತನ್ನಿ, ಶೇಡ್ ಆರಿಸುವ ಮುಂಚೆಯೇ ತನ್ನಿ.

ಶೇಡಿನ ಎಲ್‌ಆರ್‌ವಿ ಎಷ್ಟು ಅಂತಲೂ ಕೇಳಿ. ಬಿದ್ದ ಬೆಳಕಿನಲ್ಲಿ ಗೋಡೆ ಎಷ್ಟನ್ನು ವಾಪಸು ಕೊಡುತ್ತದೆ ಅನ್ನುವ ಲೆಕ್ಕ ಅದು: ಕಪ್ಪಿಗೆ 0, ಬಿಳಿಗೆ 100. ಕತ್ತಲು ಕೋಣೆಗೆ 60ರ ಮೇಲಿರಲಿ, ಚಾವಣಿಗೆ 80ರ ಮೇಲೆ. ಓದುವ ಮೇಜಿನ ಎದುರಿನ ಗೋಡೆಗೆ 40ರಿಂದ 60 ಸಾಕು. ಅಪ್ಪಟ ಬಿಳಿಯಾದರೆ ಹಗಲಲ್ಲಿ ಕಣ್ಣು ಕುಕ್ಕುತ್ತದೆ, ತೀರಾ ಗಾಢವಾದರೆ ಬೆಳಗುವ ಕಂಪ್ಯೂಟರ್ ಪರದೆಗೂ ಗೋಡೆಗೂ ನಡುವೆ ಕಣ್ಣು ದಣಿಯುತ್ತದೆ.

ಮತ್ತೆ ದಯವಿಟ್ಟು ಹಳೆಯ ಗೋಡೆಯ ಮೇಲೇ ಸ್ಯಾಂಪಲ್ ಹಚ್ಚಬೇಡಿ. ಸುತ್ತಲಿನ ಬಣ್ಣ ಸ್ಯಾಂಪಲ್ಲನ್ನು ಕೆಡಿಸುತ್ತದೆ. ನೂಲಿಗೆ ಹಾಕಿದ ಕಪ್ಪು ಸರಿಯಿಲ್ಲ ಅನ್ನುವ ದೂರು ಬಂದಾಗ, ತಪ್ಪು ಬಣ್ಣದ್ದಲ್ಲ, ಪಕ್ಕದ ಬಣ್ಣದ್ದು ಅಂತ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಶೆವ್ರಲ್ 1839ರಷ್ಟು ಹಿಂದೆಯೇ ವಿವರಿಸಿ ಬರೆದಿದ್ದ. ಎರಡಡಿ ಚೌಕದ ಎರಡು ಹಲಗೆ ತನ್ನಿ. ಒಂದು ಕೋಟ್ ಪ್ರೈಮರ್, ಎರಡು ಕೋಟ್ ಬಣ್ಣ, ಕೋಟಿನ ನಡುವೆ ಕನಿಷ್ಠ ನಾಲ್ಕು ಗಂಟೆ. ಒಂದು ದಿನ ಪೂರ್ತಿ ಒಣಗಲಿ, ಹಸಿಬಣ್ಣವನ್ನು ನೋಡಿ ತೀರ್ಮಾನ ಬೇಡ. ಎರಡನ್ನೂ ಪುಸ್ತಕ ತೆರೆದಂತೆ ಮೂಲೆಯಲ್ಲಿ ನಿಲ್ಲಿಸಿ. ಗೋಡೆಯಿಂದ ಗೋಡೆಗೆ ಬಣ್ಣ ಚಿಮ್ಮುವುದು ಆಗಲೇ ಗೊತ್ತಾಗುವುದು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ದೀಪದಲ್ಲಿ ನೋಡಿ, ಪರದೆ ಬಟ್ಟೆಯನ್ನೂ ಪಕ್ಕಕ್ಕೆ ಹಿಡಿದು ನೋಡಿ.

ಗಾಢ ಬಣ್ಣ ನನಗೆ ಪ್ರಾಣ, ಅದನ್ನು ಬಿಡಿ ಅನ್ನಲು ನನಗೆ ಮನಸ್ಸಿಲ್ಲ. ಮಂಚದ ತಲೆಕಡೆ ಗೋಡೆಗೆ ಬಳಿಯಿರಿ. ಒಳಗೆ ಬರುವಾಗ ಕಣ್ತುಂಬುತ್ತದೆ, ಮಲಗಿದಾಗ ಅದು ನಿಮ್ಮ ಬೆನ್ನಹಿಂದೆ ಇರುತ್ತದೆ.

ಈಗಾಗಲೇ ಬಳಿದು ಪೇಚಾಡುತ್ತಿರುವವರು ಮೊದಲು ಬಲ್ಬ್ ಬದಲಿಸಿ ಒಂದು ವಾರ ನೋಡಿ. ಆಗಲೂ ಕಣ್ಣಿಗೆ ಹೊಡೆಯುತ್ತಿದ್ದರೆ ಡಬ್ಬಿಯ ಮೇಲಿನ ಶೇಡ್ ನಂಬರ್ ಒಯ್ದು, ಅದೇ ಶೇಡನ್ನು ಅರ್ಧ ಟಿಂಟಿನಲ್ಲಿ (ಬೆರೆಸುವ ಬಣ್ಣವನ್ನು ಅರ್ಧಕ್ಕಿಳಿಸಿ) ಮಾಡಿಕೊಡಿ ಅಂತ ಕೇಳಿ. ತಿಳಿ ಬಣ್ಣಗಳಿಗೆ ಇದು ಆಗುತ್ತದೆ. ಕಡು ಬಣ್ಣದ ಬೇಸೇ (ಬಣ್ಣ ಬೆರೆಸುವ ಮೂಲ ಪೇಂಟ್) ಬೇರೆ, ಅದಕ್ಕೆ ಹೊಸ ಶೇಡೇ ಬೇಕು, ಮಧ್ಯೆ ಒಂದು ಕೋಟ್ ಪ್ರೈಮರೂ ಬೇಕು.