ಕೊಚ್ಚಿಯಲ್ಲಿ ಒಂದು ಶುಕ್ರವಾರ

"ನೀವು ಕಾಸರಗೋಡಿನವರು ಈಗ ಪೂರ್ತಿ ಮಲಯಾಳಿಗಳೇ ಆಗಿಬಿಟ್ಟಿದ್ದೀರಿ."

ಭಾವ ಹಾಗೆಂದದ್ದು ಎರ್ನಾಕುಳಂನ ಲಾಡ್ಜಿನ ಬಾಗಿಲಲ್ಲಿ, ಬೆಳಿಗ್ಗೆ ಎಂಟು ಗಂಟೆಗೆ. ಬೈದದ್ದಲ್ಲ, ನಗುತ್ತಲೇ ಅಂದರು. ಆದರೂ ಚುರುಕ್ ಎಂದಿತು. ನಾನು ಹೇಳಿದ್ದು ಇಷ್ಟೇ: "ಫೋರ್ಟ್ ಕೊಚ್ಚಿಗೆ ಕಾರು ಯಾಕೆ ಭಾವ, ಬೋಟಿನಲ್ಲಿ ಹೋಗುವ."

ಮರುದಿನ ಶನಿವಾರ ನಾವು ಏಳು ಮಂದಿ ಲಕ್ಷದ್ವೀಪದ ಹಡಗು ಹತ್ತುವವರಿದ್ದೆವು. ಐದು ದಿನದ ಸುತ್ತು. ಕವರತ್ತಿ, ಕಲ್ಪೇನಿ, ಮಿನಿಕಾಯ್. ಹಗಲು ದ್ವೀಪದಲ್ಲಿ, ರಾತ್ರಿ ಹಡಗಿನಲ್ಲಿ. ಅಕ್ಕ, ಭಾವ ಮತ್ತು ಅವರ ಮಗ ಬೆಂಗಳೂರಿನಿಂದ ರಾತ್ರಿ ಬಸ್ಸಿನಲ್ಲಿ ಬಂದಿದ್ದರು. ನಾನು, ಹೆಂಡತಿ, ಮಗಳು ಮತ್ತು ಅಮ್ಮ ಕಾಸರಗೋಡಿನಿಂದ ರಾತ್ರಿ ರೈಲು ಹಿಡಿದಿದ್ದೆವು. ಹಡಗು ಯಾರಿಗೂ ಕಾಯುವುದಿಲ್ಲ. ಹಾಗಾಗಿ ಒಂದು ದಿನ ಮೊದಲೇ ಬಂದು ಊರು ನೋಡುವುದು ಎಂದು ತೀರ್ಮಾನವಾಗಿತ್ತು. ಹೇಗೆ ನೋಡುವುದು ಎನ್ನುವುದು ಮಾತ್ರ ತೀರ್ಮಾನವಾಗಿರಲಿಲ್ಲ.

ಭಾವನ ಫೋನಿನಲ್ಲಿ ಒಂದು ಪಟ್ಟಿ ಇತ್ತು. ಮಟ್ಟಾಂಚೇರಿ ಅರಮನೆ, ಯಹೂದಿಗಳ ಪ್ರಾರ್ಥನಾ ಮಂದಿರ ಸಿನಗಾಗ್, ಸೇಂಟ್ ಫ್ರಾನ್ಸಿಸ್ ಚರ್ಚ್, ಸಾಂತಾ ಕ್ರೂಸ್ ಬೆಸಿಲಿಕಾ, ಚೀನೀ ಬಲೆ, ಚೆರಾಯಿ ಬೀಚ್, ಮರೈನ್ ಡ್ರೈವ್, ಲುಲು ಮಾಲ್. ಮೊದಲು ಅದಿರಪ್ಪಳ್ಳಿ ಜಲಪಾತವೂ ಇತ್ತಂತೆ. ದೂರ ಜಾಸ್ತಿ ಅಂತ ಅಕ್ಕ ತೆಗೆಸಿದ್ದಳು. ಪ್ರತಿಯೊಂದರ ಎದುರೂ ಗಂಟೆ ಬರೆದಿತ್ತು. ಇಡೀ ದಿನಕ್ಕೆ ಏಳು ಸೀಟಿನ ಟ್ಯಾಕ್ಸಿ ಬುಕ್ ಆಗಿತ್ತು.

ಈ ಪಟ್ಟಿ ನನಗೆ ಹೊಸದಲ್ಲ. ಬೆಂಗಳೂರು, ಮೈಸೂರಿನ ನೆಂಟರು ನಮ್ಮಲ್ಲಿಗೆ ಬರುವುದೂ ಹೀಗೆಯೇ. ಬೆಳಿಗ್ಗೆ ಮಧೂರು, ಆಮೇಲೆ ಅನಂತಪುರದ ಕೆರೆ ದೇವಸ್ಥಾನ, ಮಧ್ಯಾಹ್ನದ ಬಿಸಿಲಲ್ಲಿ ಬೇಕಲ ಕೋಟೆ. ಸಂಜೆ ಆರಕ್ಕೆ ಕಾರು ಮಂಗಳೂರಿನ ಕಡೆ ತಿರುಗಿರುತ್ತದೆ. ನಮ್ಮ ಮನೆಯ ಚಾವಡಿಯಲ್ಲಿ ಕೂತು ಒಂದು ಲೋಟ ಪುನರ್ಪುಳಿ ಶರಬತ್ತು ಕುಡಿಯಲೂ ಹೊತ್ತಿರುವುದಿಲ್ಲ. ಬೇಕಲ ಕೋಟೆ ಕೆಳದಿಯ ನಾಯಕರು ಕಟ್ಟಿದ್ದು, ನಮ್ಮದೇ ಕಥೆ ಅದು, ಸ್ವಲ್ಪ ಕೇಳಿ ಹೋಗಿ ಅಂದರೆ ಫೋಟೋ ಆಯಿತಲ್ಲ ಅನ್ನುತ್ತಾರೆ. ನೋಡಿದ ಜಾಗದ ಲೆಕ್ಕ ಸಿಗುತ್ತದೆ. ಜಾಗ ಸಿಗುವುದಿಲ್ಲ.

ಕೊನೆಗೆ ನಾವು ಎರಡು ಪಾಲಾದೆವು. ಅಮ್ಮನಿಗೆ ಮೊಣಕಾಲು ನೋವು. ಅವರು, ಅಕ್ಕ, ಭಾವ ಕಾರಿನಲ್ಲಿ. ನಾನು, ಹೆಂಡತಿ, ಇಬ್ಬರು ಮಕ್ಕಳು ಬೋಟಿನಲ್ಲಿ. ಅಕ್ಕನ ಮಗ ಬೋಟು ಎಂದು ಕೇಳಿದ್ದೇ ತಡ, ಕಾರಿನಿಂದ ಇಳಿದು ಬಂದ.

ಎರ್ನಾಕುಳಂ ಬೋಟ್ ಜೆಟ್ಟಿಯಲ್ಲಿ ಟಿಕೆಟಿನ ಸಾಲಿತ್ತು. ರಾಜ್ಯ ಜಲಸಾರಿಗೆ ಇಲಾಖೆಯ ಬೋಟುಗಳು ಅವು. 1968ರಿಂದ ಇರುವ ಇಲಾಖೆ. ನಮ್ಮಲ್ಲಿ ಬಸ್ಸಿಗೆ ನಿಂತ ಹಾಗೆ ಜನ ನಿಂತಿದ್ದರು. ಕಾಲೇಜಿನ ಹುಡುಗಿಯರು, ಮೀನಿನ ಬುಟ್ಟಿಯವರು, ಫೈಲು ಹಿಡಿದ ಗುಮಾಸ್ತರು. ಟಿಕೆಟಿಗೆ ಹತ್ತು ರೂಪಾಯಿಯೂ ಆಗಲಿಲ್ಲ. ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರ ಹತ್ತಿರ, ಮೊದಲು ಅರಮನೆ ನೋಡುವುದಾ, ಚರ್ಚಾ ಎಂದು ಮಲಯಾಳದಲ್ಲಿ ಕೇಳಿದೆ. ಅವರು ನನ್ನ ಮುಖ ನೋಡಿ, "ಇನ್ನ್ ವೆಳ್ಳಿಯಾಳ್ಚ ಅಲ್ಲೇ? ಕೊಟ್ಟಾರಂ ಅಡವಾಣ್" ಅಂದರು. ಇವತ್ತು ಶುಕ್ರವಾರ, ಅರಮನೆಗೆ ರಜೆ. ಸಿನಗಾಗಿಗೂ ಶುಕ್ರವಾರ, ಶನಿವಾರ ರಜೆ.

ಅಷ್ಟೇ ಅಲ್ಲ. ಮೊದಲು ಫೋರ್ಟ್ ಕೊಚ್ಚಿಯಲ್ಲಿ ಇಳಿಯಿರಿ, ಬಿಸಿಲೇರುವ ಮೊದಲು ಬಲೆ ನೋಡಿ, ಚರ್ಚಿಗೆ ನಡೆದೇ ಹೋಗಬಹುದು, ಮಧ್ಯಾಹ್ನ ಆಟೋ ಹಿಡಿದು ಮಟ್ಟಾಂಚೇರಿಯ ಬೀದಿಗೆ ಹೋಗಿ ಎಂದು ಇಡೀ ದಿನವನ್ನು ಮೂರು ಮಾತಿನಲ್ಲಿ ಕಟ್ಟಿಕೊಟ್ಟರು. ಟಿಕೆಟಿನ ಸಾಲು ಮುಗಿಯುವುದರೊಳಗೆ ನಮ್ಮ ಪ್ಲಾನ್ ಮುಗಿದಿತ್ತು. ಕೂಡಲೇ ಭಾವನಿಗೆ ಫೋನ್ ಮಾಡಿದೆ. ಅವರು ಮೊದಲು ಮಟ್ಟಾಂಚೇರಿಗೇ ಹೊರಟಿದ್ದರು. ಫೋನ್ ಎತ್ತಲಿಲ್ಲ.

ಬೋಟು ಹೊರಟಿತು. ಒಂದು ಕಡೆ ವಿಲ್ಲಿಂಗ್ಡನ್ ದ್ವೀಪ. ಇಂಗ್ಲಿಷರ ಕಾಲದಲ್ಲಿ ಬಂದರಿಗಾಗಿ ಹೂಳೆತ್ತಿ, ಆ ಮಣ್ಣಿನಿಂದಲೇ ಮಾಡಿದ ನೆಲ ಅದು. ರಾಬರ್ಟ್ ಬ್ರಿಸ್ಟೋ ಎನ್ನುವ ಇಂಜಿನಿಯರ್ ಮಾಡಿಸಿದ್ದು. ನಾಳೆ ನಮ್ಮ ಹಡಗು ಅಲ್ಲಿಂದಲೇ ಹೊರಡುವುದು ಎಂದಾಗ ಮಕ್ಕಳಿಬ್ಬರೂ ಕಟಕಟೆಗೆ ಅಂಟಿಕೊಂಡರು. ಹಡಗು ಹತ್ತುವ ಮೊದಲೇ ಅವರ ಪ್ರಯಾಣ ಶುರುವಾಗಿತ್ತು. ಕಾರಿನ ಕಿಟಕಿಯಿಂದ ಇದು ಸಿಗುವುದಿಲ್ಲ. ಅರ್ಧ ಗಂಟೆಯೊಳಗೆ ನಾವು ಫೋರ್ಟ್ ಕೊಚ್ಚಿಯ ದಡದಲ್ಲಿದ್ದೆವು. ಕಾರು ಆ ಹೊತ್ತಿಗೆ ತೋಪ್ಪುಂಪಡಿಯ ಸೇತುವೆಯ ಹತ್ತಿರ ವಾಹನಗಳ ಸಾಲಿನಲ್ಲಿ ನಿಂತಿತ್ತಂತೆ.

ಬಲೆಯ ಹತ್ತಿರ ನಾವು ಒಂದು ಗಂಟೆ ಕಳೆದೆವು. ಪಟ್ಟಿಯಲ್ಲಿ ಅದಕ್ಕೆ ಹದಿನೈದು ನಿಮಿಷ ಇತ್ತು. ಹದಿನೈದು ನಿಮಿಷದಲ್ಲಿ ಬಲೆ ಕಾಣುತ್ತದೆ, ಅದು ಹೇಗೆ ಕೆಲಸ ಮಾಡುತ್ತದೆ ಅಂತ ಕಾಣುವುದಿಲ್ಲ. ದೊಡ್ಡ ದೊಡ್ಡ ಕಲ್ಲುಗಳನ್ನು ಹಗ್ಗಕ್ಕೆ ಕಟ್ಟಿ ತೂಗುಬಿಟ್ಟಿರುತ್ತಾರೆ. ಆ ಭಾರದ ಸಹಾಯದಿಂದ ನಾಲ್ಕೈದು ಜನ ಸೇರಿ ಅಷ್ಟು ದೊಡ್ಡ ಬಲೆಯನ್ನು ಎತ್ತುತ್ತಾರೆ. ನಮ್ಮ ತೋಟದ ಏತವೂ ಹೀಗೆಯೇ ಇತ್ತು. ಒಂದು ತುದಿಗೆ ಕಲ್ಲಿನ ಭಾರ, ಇನ್ನೊಂದು ತುದಿಗೆ ನೀರಿನ ಮರಿಗೆ. ನನ್ನ ಮಗಳಿಗೆ ಏತ ಗೊತ್ತಿಲ್ಲ. ಹಗ್ಗ ಎಳೆಯಲು ಕೈ ಕೊಡಿ ಎಂದು ಮೀನುಗಾರರು ಕರೆದಾಗ ಇಬ್ಬರು ಮಕ್ಕಳೂ ಓಡಿದರು. ಬಲೆ ಮೇಲೆ ಬಂದಾಗ ಒಳಗೆ ಹಿಡಿಯಷ್ಟು ಮೀನು. ಅವರಿಗೆ ಅದೇ ಸಾಕಾಯಿತು.

ಸೇಂಟ್ ಫ್ರಾನ್ಸಿಸ್ ಚರ್ಚಿಗೆ ನಡೆದೇ ಹೋದೆವು. 1503ರಲ್ಲಿ ಮರದಲ್ಲಿ ಕಟ್ಟಿ, ಆಮೇಲೆ ಕಲ್ಲಿನಲ್ಲಿ ಕಟ್ಟಿದ್ದು. ವಾಸ್ಕೋ ಡ ಗಾಮ 1524ರಲ್ಲಿ ಕೊಚ್ಚಿಯಲ್ಲೇ ತೀರಿಹೋದ. ಅವನನ್ನು ಹೂಳಿದ್ದು ಇಲ್ಲಿ. 1539ರಲ್ಲಿ ಎಲುಬುಗಳನ್ನು ಪೋರ್ಚುಗಲ್ಲಿಗೆ ಒಯ್ದರು. ಮಕ್ಕಳು ಆ ಸಮಾಧಿಗಿಂತ ಹೆಚ್ಚು ಹೊತ್ತು ನೋಡಿದ್ದು ಮೇಲೆ ತೂಗುವ ಬಟ್ಟೆಯ ಪಂಖಗಳನ್ನು. ಹೊರಗೆ ನಿಂತು ಹಗ್ಗ ಎಳೆದು ಒಳಗಿನವರಿಗೆ ಗಾಳಿ ಹಾಕುತ್ತಿದ್ದರು ಎಂದಾಗ, "ಎಳೆಯುವವನಿಗೆ ಯಾರು ಗಾಳಿ ಹಾಕ್ತಿದ್ರು?" ಅಂತ ಅಕ್ಕನ ಮಗ ಕೇಳಿದ. ಸಮಯ ಹಿಡಿದು ಓಡುವವರ ಜೊತೆ ಇದ್ದಿದ್ದರೆ ಅವನಿಗೆ ಆ ಪ್ರಶ್ನೆ ಹೊಳೆಯುತ್ತಿತ್ತಾ? ನನಗೆ ಅನುಮಾನ.

ಅಷ್ಟರಲ್ಲಿ ಭಾವನ ಫೋನ್ ಬಂತು. ಅರಮನೆಯ ಬಾಗಿಲಿನಿಂದ. ದನಿ ಇಳಿದಿತ್ತು.

ಇಲ್ಲಿ ನನಗೆ ನಮ್ಮ ಕರಾವಳಿಯ ಮೇಲೇ ಸಿಟ್ಟು ಬರುತ್ತದೆ. ಮಂಗಳೂರಿನ ಪಣಂಬೂರು ಬಂದರಿಗೂ ವಿದೇಶಿ ಪ್ರವಾಸಿಗಳ ಹಡಗುಗಳು ಬರುತ್ತವೆ. ಇಳಿದವರನ್ನು ಬಸ್ಸಿನಲ್ಲಿ ತುಂಬಿಸಿ ಕುದ್ರೋಳಿ, ಕದ್ರಿ, ಅಲೋಶಿಯಸ್ ಚಾಪೆಲ್, ಮೂಡಬಿದಿರೆಯ ಸಾವಿರ ಕಂಬದ ಬಸದಿ ಎಂದು ತಿರುಗಿಸಿ ಸಂಜೆಯೊಳಗೆ ವಾಪಸು ಬಿಡುತ್ತಾರೆ. ಜಾಗಗಳೆಲ್ಲ ಒಳ್ಳೆಯವೇ. ಆದರೆ ನೇತ್ರಾವತಿ, ಫಲ್ಗುಣಿ ಎರಡೂ ಹೊಳೆ ಬಂದು ಕಡಲು ಸೇರುವ ಊರು ಅದು. ಸಮುದ್ರದಿಂದ ಬಂದವನು ಊರಿನ ಹೊಳೆಗೆ ಇಳಿಯದೆ ಹೋಗುತ್ತಾನಲ್ಲ. ಕೊಚ್ಚಿಯವರಿಗೆ ನೀರೇ ದಾರಿ. ನಮ್ಮವರಿಗೆ ಹೊಳೆ ಎಂದರೆ ಸೇತುವೆ ಕಟ್ಟಬೇಕಾದ ತೊಂದರೆ. 2023ರ ಏಪ್ರಿಲ್‌ನಲ್ಲಿ ಕೊಚ್ಚಿಯಲ್ಲಿ ವಾಟರ್ ಮೆಟ್ರೋ ಶುರುವಾಯಿತು. ಬ್ಯಾಟರಿಯಲ್ಲಿ ಓಡುವ, ನೂರು ಜನ ಹಿಡಿಸುವ ಬೋಟುಗಳು. ಕೊಚ್ಚಿಯ ಹಡಗುಕಟ್ಟೆಯಲ್ಲೇ ಮಾಡಿದವು. ಹಾಗಂತ ಹಳೆಯ ಬೋಟನ್ನು ಅವರು ನಿಲ್ಲಿಸಲಿಲ್ಲ.

ಮಧ್ಯಾಹ್ನ ಮಟ್ಟಾಂಚೇರಿಯಲ್ಲಿ ಎಲ್ಲರೂ ಸೇರಿದೆವು. ಅರಮನೆ ಇಲ್ಲ, ಸಿನಗಾಗ್ ಇಲ್ಲ. ಇನ್ನೇನು ನೋಡುವುದು ಎಂದು ಭಾವ ಪಟ್ಟಿ ತೆಗೆದರು. ಸುಮ್ನೆ ನಡೆಯುವ ಅಂದೆ. ಮಸಾಲೆ ಮಂಡಿಗಳ ಬೀದಿ, ಒಣಶುಂಠಿಯ ವಾಸನೆ, ಗುಜರಾತಿಗಳ ಬೀದಿ. ಚೆರ್ಲಾಯಿಯ ತಿರುಮಲ ದೇವಸ್ಥಾನದ ಹತ್ತಿರ ಇಬ್ಬರು ಹೆಂಗಸರು ಕೊಂಕಣಿಯಲ್ಲಿ ಮಾತಾಡುತ್ತಿದ್ದರು. ಪೋರ್ಚುಗೀಸರ ಕಾಲದಲ್ಲಿ ಗೋವಾ ಬಿಟ್ಟು ಬಂದವರ ಮಕ್ಕಳು ಮೊಮ್ಮಕ್ಕಳು. ಮಂಜೇಶ್ವರದ ರಥಬೀದಿಯಲ್ಲಿ ನಿಂತ ಹಾಗೆಯೇ ಆಯಿತು. ಅಮ್ಮನಿಗೆ ಕೊಂಕಣಿ ಸ್ವಲ್ಪ ಬರುತ್ತದೆ. ಹೋಗಿ ಮಾತಾಡಿಸಿದರು. ಬೆಳಿಗ್ಗೆಯಿಂದ ಕಾರಿನಲ್ಲಿ ಬಾಯಿ ಮುಚ್ಚಿ ಕೂತಿದ್ದವರು ಆಗ ನಕ್ಕರು.

ಅಮ್ಮನನ್ನು ಹತ್ತಿರ ಕೂರಿಸಿಕೊಂಡು ಚಾ ಕುಡಿಯುವಾಗ ಭಾವ ಒಂದು ಮಾತು ಹೇಳಿದರು. "ಕೇಳಬೇಕು ಅಂತ ನಂಗೂ ಗೊತ್ತು ಮಾರಾಯಾ. ಯಾವ ಭಾಷೇಲಿ ಕೇಳೋದು? ಡ್ರೈವರಿಗೆ ನನ್ನ ಹಿಂದಿ ಅರ್ಥ ಆಗ್ಲಿಲ್ಲ, ನಂಗೆ ಅವನ ಇಂಗ್ಲಿಷ್ ಅರ್ಥ ಆಗ್ಲಿಲ್ಲ. ಫೋನ್ ಬಿಟ್ರೆ ನಂಗೆ ಯಾರಿದ್ದಾರೆ?"

ನಾನು ಸುಮ್ಮನಾದೆ. ಕೆಲವು ವರ್ಷದ ಹಿಂದೆ ಇದೇ ಅಮ್ಮ ನಮ್ಮೂರಿನ ಒಂದು ಕಚೇರಿಯಲ್ಲಿ ಮಲಯಾಳದ ಫಾರಂ ಹಿಡಿದು ಒಂದು ಗಂಟೆ ನಿಂತಿದ್ದರು. ಕನ್ನಡದ ಫಾರಂ ಮುಗಿದಿತ್ತು. ಕೇಳಲು ಬಾಯಿ ಇತ್ತು, ಅಲ್ಲಿದ್ದವರ ಭಾಷೆ ಬರುತ್ತಿರಲಿಲ್ಲ. ಹುಟ್ಟಿದ ಊರಿನಲ್ಲೇ ಹಾಗೆ. ನಾನು ಮಲಯಾಳ ಕಲಿತದ್ದು ಬಸ್ ಸ್ಟ್ಯಾಂಡಿನಲ್ಲಿ, ಬ್ಯಾಂಕಿನ ಸಾಲಿನಲ್ಲಿ, ಬೇರೆ ದಾರಿಯಿಲ್ಲದೆ. ಬೆಳಿಗ್ಗೆ ಜೆಟ್ಟಿಯಲ್ಲಿ ಸಲೀಸಾಗಿ ಕೇಳಿದೆನಲ್ಲ, ಅದು ನನಗೆ ಪುಕ್ಕಟೆ ಬಂದದ್ದಲ್ಲ. ಭಾವನ ಪಟ್ಟಿಯನ್ನು ನೋಡುವಾಗ ಇದು ನನಗೆ ನೆನಪಿರಬೇಕಿತ್ತು.

ಇನ್ನೂ ಒಂದೆರಡು ಮಾತು ಒಪ್ಪಿಕೊಳ್ಳಬೇಕು. ಆ ಹಳೆಯ ಬೋಟಿಗೆ ಅಮ್ಮ ಹತ್ತಲು ಆಗುತ್ತಿರಲಿಲ್ಲ. ದಡಕ್ಕೂ ಬೋಟಿಗೂ ನಡುವೆ ಕಾಲೆತ್ತಿ ದಾಟಬೇಕು. ಏಳು ಜನರ ಬ್ಯಾಗನ್ನು ಲಾಡ್ಜಿಗೆ ಸಾಗಿಸಿದ್ದೂ ಅದೇ ಟ್ಯಾಕ್ಸಿ. ದ್ವೀಪಕ್ಕೆ ಹೋಗಲು ಬೇಕಾದ ಪರ್ಮಿಟ್, ಆಧಾರ್, ಎಲ್ಲದರ ಮೂರು ಮೂರು ಪ್ರತಿ ಮಾಡಿ ಒಬ್ಬೊಬ್ಬರ ಹೆಸರು ಬರೆದು ಇಟ್ಟಿದ್ದವರು ಭಾವ. ನನ್ನ ಪರ್ಮಿಟಿನ ಪ್ರತಿಯನ್ನು ನಾನು ಮನೆಯಲ್ಲೇ ಬಿಟ್ಟು ಬಂದಿದ್ದೆ. ಮತ್ತೆ ಮಂಗಳೂರಿನ ಬಗ್ಗೆ ಹೇಳಿದ್ದೂ ಪೂರ್ತಿ ನ್ಯಾಯವಲ್ಲ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ, ಬಂದರಿನಿಂದ ಬೆಂಗ್ರೆಗೆ ಇವತ್ತಿಗೂ ದೋಣಿ ಇದೆ. ಶಾಲೆಯ ಮಕ್ಕಳು ಅದರಲ್ಲೇ ದಾಟುತ್ತಾರೆ. ದೂರದಿಂದ ಬಂದವರಿಗೆ ಅದನ್ನು ತೋರಿಸಬೇಕು ಎಂದು ನಮಗೆ ಹೊಳೆದಿಲ್ಲ, ಅಷ್ಟೇ.

ಸಂಜೆ ಟ್ಯಾಕ್ಸಿ ಕಳಿಸಿಬಿಟ್ಟು ಏಳು ಜನವೂ ಫೋರ್ಟ್ ಕೊಚ್ಚಿಯಿಂದ ಹೈಕೋರ್ಟ್ ಜೆಟ್ಟಿಗೆ ವಾಟರ್ ಮೆಟ್ರೋದಲ್ಲೇ ಹೋದೆವು. ಒಬ್ಬರಿಗೆ 40 ರೂಪಾಯಿ. ಅಲ್ಲಿ ಜೆಟ್ಟಿಯೂ ನೀರಿನ ಮೇಲೆ ತೇಲುತ್ತದೆ. ನೀರು ಏರಿದರೂ ಇಳಿದರೂ ಬೋಟಿಗೂ ಅದಕ್ಕೂ ಒಂದೇ ಮಟ್ಟ. ಅಮ್ಮ ಕೋಲು ಊರಿಕೊಂಡು ಮನೆಯ ಜಗಲಿಯಲ್ಲಿ ನಡೆದ ಹಾಗೆ ಒಳಗೆ ಹೋದರು. ಕಿಟಕಿಯ ಸೀಟು ಹಿಡಿದರು. ದೂರದಲ್ಲಿ ವಿಲ್ಲಿಂಗ್ಡನ್ ದ್ವೀಪದ ದೀಪಗಳು.

"ದ್ವೀಪದವರು ಮೊದಲು ಮಂಗಳೂರಿಗೇ ಬರ್ತಿದ್ದದ್ದು" ಅಂದರು ಅಮ್ಮ. "ಅಪ್ಪ ಬಾವಿಗೆ ಹಗ್ಗ ತರುವುದು ಬಂದರಿನಿಂದ. ದ್ವೀಪದ ಹಗ್ಗ ಅಂದ್ರೆ ವರ್ಷಗಟ್ಟಲೆ ಬರ್ತಿತ್ತು." ಲಕ್ಷದ್ವೀಪದವರು ಹುರಿಹಗ್ಗ ತಂದು ಅಕ್ಕಿ ಒಯ್ಯುತ್ತಿದ್ದ ಕಾಲ ಅದು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ, ಆ ಅಮಿನದಿವಿ ದ್ವೀಪಗಳೆಲ್ಲ ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ನಮ್ಮ ಕಾಸರಗೋಡೂ ಅದೇ ಜಿಲ್ಲೆ. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಹೋದೆವು. ಅದೇ ದಿನ ಅವರು ಕೇಂದ್ರದ ಕೈಗೆ ಹೋದರು. ಇದನ್ನು ಹೇಳಿದಾಗ ಭಾವ ಫೋನ್ ಕೆಳಗಿಟ್ಟು, "ಹಾಗಾದ್ರೆ ನಾಳೆ ಹೋಗೋದು ನಿಮ್ಮ ಹಳೇ ನೆಂಟರ ಮನೆಗೇ ಅಲ್ವಾ?" ಅಂದರು. ಬೆಳಿಗ್ಗೆಯ ಮಾತನ್ನು ನಾನು ಆಗ ಮರೆತೆ.

ಹಡಗು ಬುಧವಾರ ವಾಪಸು ಬಂತು. ಬುಧವಾರ ಅರಮನೆ ತೆರೆದಿರುತ್ತದೆ. ಭಾವನೇ ಜೆಟ್ಟಿಗೆ ಹೋಗಿ ಏಳು ಟಿಕೆಟ್ ತಂದರು. ಬೋಟು ಎಷ್ಟು ಹೊತ್ತಿಗೆ ಎಂದು ಮಲಯಾಳದಲ್ಲಿ ಕೇಳುವುದನ್ನು ಹಡಗಿನಲ್ಲಿ ನನ್ನ ಮಗಳಿಂದ ಕಲಿತಿದ್ದರು.