ಎಲ್‌ಇಡಿ ಎಲ್ಲಿದೆ ಅಂತ ಅಳೆಯದೆ ನ್ಯೂರಲ್ ನೆಟ್‌ವರ್ಕ್ ಕಟ್ಟಬೇಡಿ

ಕಂಪ್ಯೂಟೇಶನಲ್ ಇಮೇಜಿಂಗ್ (ಕ್ಯಾಮೆರಾ ಕೊಟ್ಟದ್ದರಿಂದ ಲೆಕ್ಕ ಮಾಡಿ ಚಿತ್ರ ಪಡೆಯುವುದು) ಅನ್ನುವ ಹೆಸರಿನಲ್ಲಿ ಒಂದು ಬಗೆಯ ಪ್ರಬಂಧಗಳು ಬರುತ್ತಿವೆ. ವಿಷಯ ಸೂಕ್ಷ್ಮದರ್ಶಕ, ಆದರೆ ಇಡೀ ಪ್ರಬಂಧದಲ್ಲಿ ಒಂದು ಲೆನ್ಸಿನ ವಿವರವೂ ಇರುವುದಿಲ್ಲ. ಚಿತ್ರಗಳನ್ನು ಕಂಪ್ಯೂಟರಿನಲ್ಲೇ ಹುಟ್ಟಿಸಿ, ಕಂಪ್ಯೂಟರಿನಲ್ಲೇ ಕೆಡಿಸಿ, ಮತ್ತೆ ಕಂಪ್ಯೂಟರಿನಲ್ಲೇ ಸರಿಮಾಡಿ, ಕೊನೆಗೆ ಚಿತ್ರ ಮೂಲಕ್ಕೆ ಎಷ್ಟು ಹತ್ತಿರ ಬಂತು ಅಂತ ಡೆಸಿಬಲ್ ಲೆಕ್ಕದಲ್ಲಿ ಟೇಬಲ್ ಹಾಕಿರುತ್ತಾರೆ. ಇತ್ತ ಭೌತಶಾಸ್ತ್ರ ವಿಭಾಗದಲ್ಲಿ ಇದರ ತದ್ವಿರುದ್ಧ. ಆಪ್ಟಿಕಲ್ ಟೇಬಲ್ ಮೇಲೆ ಎಲ್ಲ ಸರಿಯಾಗಿ ಕೂರಿಸಿ, ಇಂಟರ್‌ನೆಟ್‌ನಲ್ಲಿ ಸಿಕ್ಕ ಕೋಡಿಗೆ ಚಿತ್ರ ತುಂಬಿ, ಬಂದದ್ದನ್ನೇ ಪ್ರಸಾದ ಅಂತ ಸ್ವೀಕರಿಸುತ್ತಾರೆ. ಎರಡೂ ಸಂಶೋಧನೆಯ ಅರ್ಧ ಭಾಗ. ಬಿಟ್ಟುಹೋದ ಅರ್ಧ ಎಲ್ಲಿದೆ ಅಂತ ತೋರಿಸಲು ಫೋರಿಯರ್ ಟೈಕೋಗ್ರಫಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಬೇರೆ ಬೇರೆ ಕೋನದ ಬೆಳಕಿನಲ್ಲಿ ತೆಗೆದ ಹಲವು ಮಸುಕು ಚಿತ್ರಗಳನ್ನು ಲೆಕ್ಕದಿಂದ ಹೊಲಿದು ಒಂದು ಸೂಕ್ಷ್ಮ ಚಿತ್ರ ಮಾಡುವ ವಿಧಾನ ಅದು. ಅಗ್ಗದ ಸಾಮಾನಿನಲ್ಲಿ ಆಗುತ್ತದೆ, ಗಣಿತ ಬಿಎಸ್‌ಸಿ ಮಟ್ಟದ್ದು, ಆದರೂ ಮೊದಲ ಸಲ ಮಾಡಿದವರಲ್ಲಿ ಬಹುತೇಕರಿಗೆ ಸರಿಯಾಗಿ ಬರುವುದಿಲ್ಲ.

2013ರಲ್ಲಿ ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯ ಗುವೊಆನ್ ಝೆಂಗ್, ರೋರ್ಕ್ ಹಾರ್ಸ್ಟ್‌ಮೇಯರ್ ಮತ್ತು ಚಾಂಗ್‌ಹುಯೆ ಯಾಂಗ್ 'ನೇಚರ್ ಫೋಟಾನಿಕ್ಸ್'ನಲ್ಲಿ ಪ್ರಕಟಿಸಿದ ವಿಧಾನ ಇದು. ಮಾಮೂಲಿ ಸೂಕ್ಷ್ಮದರ್ಶಕದ ದೀಪ ತೆಗೆದು ಆ ಜಾಗದಲ್ಲಿ ಎಲ್‌ಇಡಿ ಮ್ಯಾಟ್ರಿಕ್ಸ್ ಇಟ್ಟರು. 0.08 ಎನ್‌ಎ (ಲೆನ್ಸ್ ಎಷ್ಟು ಅಗಲದ ಕೋನದ ಬೆಳಕು ಹಿಡಿಯುತ್ತದೆ ಅನ್ನುವ ಅಳತೆ) ಇರುವ 2x ಆಬ್ಜೆಕ್ಟಿವ್‌ನಿಂದ, ಅಂದರೆ ವಸ್ತುವಿನ ಕಡೆಯ ಲೆನ್ಸಿನಿಂದ, ಸುಮಾರು 120 ಚದರ ಮಿ.ಮೀ. ಜಾಗವನ್ನು 0.78 ಮೈಕ್ರಾನ್ ಸೂಕ್ಷ್ಮತೆಯಲ್ಲಿ ನೋಡಿದರು. ತತ್ವ ಸರಳ. ಒಂದೊಂದು ಎಲ್‌ಇಡಿಯೂ ಸ್ಲೈಡಿನ ಮೇಲೆ ಬೇರೆ ಬೇರೆ ಕೋನದಿಂದ ಬೆಳಕು ಬಿಡುತ್ತದೆ. ಕೋನ ಬದಲಾದರೆ ವಸ್ತುವಿನ ಫೋರಿಯರ್ ಸ್ಪೆಕ್ಟ್ರಮ್ (ಒರಟು ವಿವರ ನಡುವೆ, ಸೂಕ್ಷ್ಮ ವಿವರ ಹೊರಗೆ ಇರುವ ನಕ್ಷೆ) ಅಷ್ಟು ಪಕ್ಕಕ್ಕೆ ಸರಿಯುತ್ತದೆ, ಆಬ್ಜೆಕ್ಟಿವ್ ಅದರಲ್ಲಿ ಒಂದು ವೃತ್ತದಷ್ಟನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ಕ್ಯಾಮೆರಾ ತೀವ್ರತೆಯನ್ನಷ್ಟೇ ದಾಖಲಿಸುತ್ತದೆ, ಫೇಸ್, ಅಂದರೆ ಬೆಳಕಿನ ಅಲೆ ಎಷ್ಟು ಹಿಂದೆ ಮುಂದೆ ಇದೆ ಅನ್ನುವ ಮಾಹಿತಿ, ಕಳೆದುಹೋಗುತ್ತದೆ. ಅಕ್ಕಪಕ್ಕದ ವೃತ್ತಗಳು ಒಂದರ ಮೇಲೊಂದು ಸಾಕಷ್ಟು ಬಿದ್ದಿದ್ದರೆ ಆ ಫೇಸನ್ನು ಲೆಕ್ಕದಿಂದ ವಾಪಸು ಪಡೆಯಬಹುದು. ತೀವ್ರತೆಯಿಂದ ಫೇಸ್ ಹುಡುಕುವ 1972ರ ಗೆರ್ಷ್‌ಬರ್ಗ್–ಸ್ಯಾಕ್ಸ್‌ಟನ್ ಅಲ್ಗಾರಿದಂನ ವಂಶದ್ದೇ ಇದೂ.

ಈಗ ಒಂದು ಕಾಲೇಜು ಲ್ಯಾಬಿನಲ್ಲಿ ಕಟ್ಟಬಹುದಾದ್ದನ್ನೇ ತೆಗೆದುಕೊಳ್ಳಿ. 4x, 0.1 ಎನ್‌ಎ ಆಬ್ಜೆಕ್ಟಿವ್. 3.45 ಮೈಕ್ರಾನ್ ಪಿಕ್ಸೆಲ್‌ನ, 2448 × 2048 ಪಿಕ್ಸೆಲ್ ಇರುವ ಕಪ್ಪು-ಬಿಳುಪು ಕ್ಯಾಮೆರಾ. ಎಲ್‌ಇಡಿಗಳ ನಡುವೆ 4 ಮಿ.ಮೀ. ಅಂತರವಿರುವ 32 × 32 ಡಿಸ್‌ಪ್ಲೇ ಪ್ಯಾನಲ್. ಜಾಹೀರಾತು ಬೋರ್ಡಿಗೆ ಹಾಕುವ ಪ್ಯಾನಲ್ಲೇ ಸಾಕು, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಹುಡುಕಬಹುದು. ಸ್ಲೈಡಿನಿಂದ 80 ಮಿ.ಮೀ. ಕೆಳಗೆ ಅದನ್ನು ಇಟ್ಟು, ನಡುವಿನ 15 × 15, ಅಂದರೆ 225 ಎಲ್‌ಇಡಿಗಳನ್ನು ಒಂದೊಂದಾಗಿ ಕೆಂಪಿನಲ್ಲಿ, ಸುಮಾರು 630 ನ್ಯಾನೋಮೀಟರಿನಲ್ಲಿ, ಹೊತ್ತಿಸಿ ಚಿತ್ರ ತೆಗೆಯಬೇಕು.

ಎತ್ತರ 80 ಮಿ.ಮೀ. ಯಾಕೆ ಅನ್ನುವ ಪ್ರಶ್ನೆಗೆ ಉತ್ತರ ಬಾರದಿದ್ದರೆ ಮುಂದೆ ಹೋಗಬೇಡಿ. 4ನ್ನು 80ರಿಂದ ಭಾಗಿಸಿದರೆ 0.05. ಪಕ್ಕದ ಎಲ್‌ಇಡಿಗೆ ಹೋದಾಗ ವೃತ್ತ ಸರಿಯುವುದು ಇಷ್ಟು, ವೃತ್ತದ ತ್ರಿಜ್ಯ ಎನ್‌ಎಯಷ್ಟೇ, ಅಂದರೆ 0.1. ಲೆಕ್ಕ ಹಾಕಿದರೆ ಎರಡು ವೃತ್ತಗಳು ಒಂದರ ಮೇಲೊಂದು ಬೀಳುವ ಪಾಲು ಸುಮಾರು 68%. ಪ್ಯಾನಲನ್ನು ಸ್ಲೈಡಿನಿಂದ 40 ಮಿ.ಮೀ. ದೂರಕ್ಕೆ ಏರಿಸಿದರೆ ಕೋನಗಳು ದೊಡ್ಡವಾಗಿ ರೆಸಲ್ಯೂಶನ್ ಕಾಗದದ ಮೇಲೆ ಹೆಚ್ಚುತ್ತದೆ, ಆದರೆ ಆ ಪಾಲು 39%ಕ್ಕೆ ಇಳಿಯುತ್ತದೆ. ಅಲ್ಲಿ ಅಲ್ಗಾರಿದಂ ನಿಂತರೂ ನಿಂತೀತು, ಬಿದ್ದರೂ ಬಿದ್ದೀತು. ನೈಜ ದತ್ತಾಂಶದ ಗದ್ದಲಕ್ಕೆ 60% ಮೇಲಿದ್ದರೆ ನೆಮ್ಮದಿ.

80 ಮಿ.ಮೀ.ನಲ್ಲಿ ಅಂಚಿನ ಎಲ್‌ಇಡಿ 28 ಮಿ.ಮೀ. ಆಚೆ ಇರುತ್ತದೆ, ಅದರ ಕೋನದ ಸೈನ್ 0.33. ಆಬ್ಜೆಕ್ಟಿವ್‌ನ 0.1 ಸೇರಿಸಿದರೆ ಒಟ್ಟು ಎನ್‌ಎ 0.43. ತರಂಗಾಂತರವನ್ನು, ಅಂದರೆ 0.63 ಮೈಕ್ರಾನನ್ನು, ಇದರ ಎರಡರಷ್ಟರಿಂದ ಭಾಗಿಸಿದರೆ ಕಾಣಬಹುದಾದ ಅತಿ ಕಿರಿದಾದ ಗೆರೆಯ ಅಗಲ 0.73 ಮೈಕ್ರಾನ್. ಈ ಸಂಖ್ಯೆ ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು ಕೆಡುವ ಕಡೆಗಳು. ಮೊದಲನೆಯದು ಪ್ಯಾನಲ್ಲೇ. ಈ ಡಿಸ್‌ಪ್ಲೇ ಪ್ಯಾನಲ್‌ಗಳು ಸಾಲು ಸಾಲಾಗಿ ಸ್ಕ್ಯಾನ್ ಆಗುತ್ತವೆ. ಕಣ್ಣಿಗೆ ಸತತವಾಗಿ ಉರಿದಂತೆ ಕಾಣುವ ಎಲ್‌ಇಡಿ ನಿಜವಾಗಿ ಮಿನುಗುತ್ತಿರುತ್ತದೆ. 20 ಮಿಲಿಸೆಕೆಂಡ್ ಎಕ್ಸ್‌ಪೋಶರ್ ಕೊಟ್ಟರೆ ಒಂದು ಫ್ರೇಮಿಗೆ ಎಷ್ಟು ಮಿನುಗು ಸಿಕ್ಕಿತು ಅನ್ನುವುದು ಅದೃಷ್ಟದ ಮಾತು. ಸಿದ್ಧ ಲೈಬ್ರರಿಯನ್ನು ಬಿಟ್ಟು, ಸಾಲಿನ ವಿಳಾಸವನ್ನು ಒಂದೇ ಕಡೆ ಹಿಡಿದು ಎಲ್‌ಇಡಿಯನ್ನು ಸ್ಥಿರವಾಗಿ ಉರಿಸುವ ಕೋಡ್ ನೀವೇ ಬರೆಯಿರಿ. 16 ಸಾಲುಗಳಲ್ಲಿ ಸರದಿ ಹಾಕುವ ಪ್ಯಾನಲ್ ಆದರೆ ಬೆಳಕೂ ಹೆಚ್ಚುಕಡಿಮೆ 16 ಪಟ್ಟು ಸಿಗುತ್ತದೆ. ಫೋಟೋ ಮುಗಿದ ಕೂಡಲೇ ಆರಿಸಿ, ಒಂದೇ ಎಲ್‌ಇಡಿಯನ್ನು ನಿಮಿಷಗಟ್ಟಲೆ ಉರಿಸಬೇಡಿ.

ಎರಡನೆಯದು ಕ್ಯಾಮೆರಾ. ಆಟೋ ಎಕ್ಸ್‌ಪೋಶರ್, ಆಟೋ ಗೇನ್, ಗಾಮಾ (ಕಣ್ಣಿಗೆ ಒಪ್ಪುವಂತೆ ಹೊಳಪು ಬದಲಿಸುವ ಸೆಟ್ಟಿಂಗ್) ಮೂರೂ ಬಂದ್. ಜೆಪೆಗ್ ಸುತರಾಂ ಬೇಡ, 12 ಬಿಟ್‌ನ ರಾ ಚಿತ್ರವೇ, ಅಂದರೆ ಕ್ಯಾಮೆರಾ ಏನೂ ತಿದ್ದದ ಚಿತ್ರವೇ, ಬೇಕು. ಪಿಕ್ಸೆಲ್ ಮೌಲ್ಯ ಬೆಳಕಿನ ತೀವ್ರತೆಗೆ ನೇರ ಅನುಪಾತದಲ್ಲಿ ಇರದಿದ್ದರೆ ಮುಂದಿನ ಲೆಕ್ಕವೆಲ್ಲ ಹಾಳು. ಹೊರವಲಯದ ಎಲ್‌ಇಡಿಗಳ ಚಿತ್ರ ಬಹಳ ಮಂದ, ನಡುವಿನವಕ್ಕೆ 20 ಮಿಲಿಸೆಕೆಂಡ್ ಸಾಕಾದರೆ ಅವಕ್ಕೆ 500 ಬೇಕಾಗಬಹುದು. ಆಗ 25ರಿಂದ ಭಾಗಿಸುವ ಮೊದಲು ಬೆಳಕಿಲ್ಲದೆ ತೆಗೆದ ಅದೇ 500 ಮಿಲಿಸೆಕೆಂಡಿನ ಕತ್ತಲೆ ಫ್ರೇಮನ್ನು ಕಳೆಯಬೇಕು. 20ರ ಕತ್ತಲೆ ಫ್ರೇಮ್ ಕಳೆದು ಕೈ ತೊಳೆದುಕೊಂಡರೆ ಬೆಳಕಿಲ್ಲದೆಯೂ ಹೊಳೆಯುವ ಹಾಟ್ ಪಿಕ್ಸೆಲ್‌ಗಳೇ ನಕ್ಷತ್ರಗಳಂತೆ ಉಳಿದು, ಅಲ್ಗಾರಿದಂ ಅವನ್ನು ವಸ್ತುವಿನ ಸೂಕ್ಷ್ಮ ವಿವರ ಅಂದುಕೊಳ್ಳುತ್ತದೆ.

ಇನ್ನೊಂದು ಕಳ್ಳ ದೋಷ: ಕ್ಯಾಮೆರಾದ ಬಫರಿನಲ್ಲಿ ಹಳೆಯ ಫ್ರೇಮ್ ಕೂತಿದ್ದು, 57ನೇ ಎಲ್‌ಇಡಿಯ ಚಿತ್ರ 58ರ ಹೆಸರಲ್ಲಿ ಸೇವ್ ಆಗುವುದು. ಚಿತ್ರಗಳನ್ನು ಒಂದೊಂದಾಗಿ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಸರದಿಯ ನಡುವೆ ಗೊತ್ತಿರುವ ಜಾಗಗಳಲ್ಲಿ ಎಲ್‌ಇಡಿ ಆರಿಸಿದ ಖಾಲಿ ಫ್ರೇಮ್ ಸೇರಿಸಿ, ಅದು ಅದೇ ಸಂಖ್ಯೆಯಲ್ಲಿ ಕಪ್ಪಾಗಿ ಬಂದಿದೆಯೇ ನೋಡಿ. ತಂತಿಯ ಸಂಕೇತದಿಂದಲೇ ಕ್ಯಾಮೆರಾ ಓಡಿಸುವ ಹಾರ್ಡ್‌ವೇರ್ ಟ್ರಿಗರ್ ಇದ್ದರೆ ಈ ತಲೆನೋವೇ ಇಲ್ಲ.

ಇವೆಲ್ಲಕ್ಕಿಂತ ದೊಡ್ಡದು ಎಲ್‌ಇಡಿಯ ಸ್ಥಾನ. ಜಾಸ್ತಿ ಜನ ಸೋಲುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಚಿತ್ರವನ್ನು 256 ಪಿಕ್ಸೆಲ್‌ನ ಚೌಕಗಳಾಗಿ ತುಂಡು ಮಾಡಿ ಲೆಕ್ಕ ಮಾಡುತ್ತೇವೆ. ಒಂದು ಚೌಕ ಸ್ಲೈಡಿನ ಮೇಲೆ ಸುಮಾರು 220 ಮೈಕ್ರಾನ್. ಇದಕ್ಕಿಂತ ತೀರಾ ದೊಡ್ಡ ಚೌಕ ಬೇಡ. ಎಲ್‌ಇಡಿಯ ಚಿಪ್ 0.2 ಮಿ.ಮೀ. ಅಗಲ ಅಂದುಕೊಂಡರೆ, 80 ಮಿ.ಮೀ. ದೂರದಲ್ಲಿ ಬೆಳಕು ಕೊಹೆರೆಂಟ್ ಆಗಿರುವುದು (ಅಲೆಗಳು ಒಂದಕ್ಕೊಂದು ಹೊಂದಿಕೊಂಡಿರುವುದು) ಹೆಚ್ಚುಕಡಿಮೆ 250 ಮೈಕ್ರಾನ್ ಅಗಲದಲ್ಲಿ ಮಾತ್ರ. ಈ ಚೌಕದ ಫೋರಿಯರ್ ಸ್ಪೆಕ್ಟ್ರಮ್‌ನಲ್ಲಿ ಆಬ್ಜೆಕ್ಟಿವ್‌ನ ವೃತ್ತದ ತ್ರಿಜ್ಯ 35 ಪಿಕ್ಸೆಲ್. ಪ್ಯಾನಲ್ ಬರೀ 1 ಮಿ.ಮೀ. ಪಕ್ಕಕ್ಕಿದ್ದರೆ ನಡುವಿನ ವೃತ್ತಗಳು 4 ಪಿಕ್ಸೆಲ್‌ಗಿಂತ ಹೆಚ್ಚು ಜಾರುತ್ತವೆ. ಪ್ಯಾನಲ್ 1 ಡಿಗ್ರಿ ತಿರುಗಿದ್ದರೆ ಮೂಲೆಯ ಎಲ್‌ಇಡಿಗೆ ಹತ್ತಿರ ಹತ್ತಿರ 3 ಪಿಕ್ಸೆಲ್. ಎತ್ತರ 80ರ ಬದಲು 82 ಇದ್ದರೆ ಅಂಚಿನಲ್ಲಿ ಎರಡೂವರೆ. ಅಡಿಪಟ್ಟಿಯಲ್ಲಿ ಅಳೆದು ಇಟ್ಟ ಪ್ಯಾನಲ್‌ನಲ್ಲಿ ಈ ಮೂರೂ ತಪ್ಪು ಒಟ್ಟಿಗೇ ಇರುತ್ತವೆ. ಫಲಿತಾಂಶದಲ್ಲಿ ಹಿನ್ನೆಲೆ ತುಂಬ ಅಲೆಅಲೆಯಾದ ಸುಕ್ಕು, ಫೇಸ್ ಚಿತ್ರದಲ್ಲಿ ಮೋಡ ಕವಿದಂತೆ ಕಲೆ. ಆಗ ವಿದ್ಯಾರ್ಥಿ ಮಾಡುವುದೇನು? ಆ ಸುಕ್ಕನ್ನು ತೆಗೆಯಲು ಡಿನಾಯ್ಸಿಂಗ್ ನೆಟ್‌ವರ್ಕ್ ಹಾಕುತ್ತಾನೆ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು.

ಅಳೆಯುವ ದಾರಿ ಚಿತ್ರಗಳಲ್ಲೇ ಇದೆ. ನಮ್ಮ ಜೋಡಣೆಯಲ್ಲಿ ಬ್ರೈಟ್‌ಫೀಲ್ಡ್‌ಗೆ, ಅಂದರೆ ನೇರ ಬೆಳಕು ಆಬ್ಜೆಕ್ಟಿವ್‌ನೊಳಗೆ ಬೀಳುವ ವಲಯಕ್ಕೆ, ಬರುವುದು ಒಟ್ಟು 13 ಎಲ್‌ಇಡಿ. ಅದರಲ್ಲಿ 9 ಆರಾಮಾಗಿ ಒಳಗಿವೆ. ಮಧ್ಯದಿಂದ ಎಡ, ಬಲ, ಮೇಲೆ, ಕೆಳಗೆ ಎರಡನೆಯದಾಗಿರುವ 4 ಎಲ್‌ಇಡಿಗಳ ಸೈನ್ 0.0995, ಅಂದರೆ 0.1ರ ಹೊಸ್ತಿಲ ಮೇಲೆ. ಆ ನಾಲ್ಕು ಚಿತ್ರಗಳಲ್ಲಿ ಅರ್ಧ ಬೆಳಕು, ಅರ್ಧ ಕತ್ತಲು, ನಡುವೆ ಒಂದು ಕಮಾನಿನಂಥ ಗಡಿ ಕಾಣುತ್ತದೆ. ಪ್ಯಾನಲ್ ಅರ್ಧ ಮಿ.ಮೀ. ಸರಿದರೆ ಆ ಗಡಿ ಕ್ಯಾಮೆರಾದಲ್ಲಿ 580 ಪಿಕ್ಸೆಲ್ ಸರಿಯುತ್ತದೆ. ಇಷ್ಟು ಸೂಕ್ಷ್ಮವಾದ ಅಳತೆಗೋಲು ಪುಕ್ಕಟೆ ಸಿಕ್ಕಿರುವಾಗ ಬಳಸದೆ ಇರುವುದು ಸೋಮಾರಿತನ. ಅಗ್ಗದ ಆಬ್ಜೆಕ್ಟಿವ್‌ಗಳಲ್ಲಿ ಗಡಿ ಲೆಕ್ಕ ಹೇಳಿದಲ್ಲೇ ಬೀಳಲಿಕ್ಕಿಲ್ಲ, ಅದಕ್ಕೆ ಎಡ–ಬಲ, ಮೇಲೆ–ಕೆಳಗೆ ಜೋಡಿಗಳು ಸಮವಾಗಿ ಕಾಣುವ ತನಕ ಪ್ಯಾನಲ್ ಸರಿಸಿ. ಆಮೇಲೆ ಉಳಿದ ತಪ್ಪನ್ನು ಅಲ್ಗಾರಿದಂಗೆ ಬಿಡಿ. ಆದರೆ ಹುಡುಕಬೇಕಾದ್ದು ನಾಲ್ಕೇ ಸಂಖ್ಯೆ: ಪ್ಯಾನಲ್ ಎರಡು ದಿಕ್ಕಿನಲ್ಲಿ ಸರಿದಿರುವ ಅಳತೆಗಳು, ತಿರುಗುವಿಕೆ, ಎತ್ತರ. 225 ಎಲ್‌ಇಡಿಗೂ ಪ್ರತ್ಯೇಕವಾಗಿ ಎರಡೆರಡು ಸಂಖ್ಯೆ ಹುಡುಕಲು ಬಿಟ್ಟರೆ 450 ಸಡಿಲ ತಿರುಪುಗಳಾಗುತ್ತವೆ, ಲೆಕ್ಕ ಎಲ್ಲ ತಪ್ಪನ್ನೂ ಅಲ್ಲಿ ಬಚ್ಚಿಡುತ್ತದೆ. ಕಾರ್ಖಾನೆಯಲ್ಲಿ ಒಂದೇ ಬೋರ್ಡಿಗೆ ಬೆಸುಗೆ ಹಾಕಿದ ಎಲ್‌ಇಡಿಗಳು ತಮ್ಮಿಷ್ಟಕ್ಕೆ ಓಡಾಡುವುದಿಲ್ಲ ಅನ್ನುವುದು ಭೌತಶಾಸ್ತ್ರ ಗೊತ್ತಿರುವವರಿಗೆ ಹೊಳೆಯುತ್ತದೆ, ಲಾಸ್ ಕರ್ವ್ (ಲೆಕ್ಕದ ತಪ್ಪು ಇಳಿಯುವ ಗ್ರಾಫ್) ಮಾತ್ರ ನೋಡುವವರಿಗೆ ಹೊಳೆಯುವುದಿಲ್ಲ.

ಗಡಿಯ ನಾಲ್ಕು ಚಿತ್ರಗಳನ್ನು ಕಿರಿಕಿರಿ ಅಂತ ಬಿಸಾಡುವವರಿದ್ದಾರೆ. ಬೇಡ. ವಸ್ತುವಿನಲ್ಲಿ ನಿಧಾನವಾಗಿ ಬದಲಾಗುವ ಫೇಸ್ ಅಂಥ ಕೋನಗಳಲ್ಲೇ ಚೆನ್ನಾಗಿ ಸಿಗುವುದು.

ಅಲ್ಗಾರಿದಂ ನಿಜಕ್ಕೂ ಇಪ್ಪತ್ತು ಸಾಲಿನದು. ನಡುವಿನ ಎಲ್‌ಇಡಿಯ ಚಿತ್ರದಿಂದ ಶುರು ಮಾಡಿ ದೊಡ್ಡ ಸ್ಪೆಕ್ಟ್ರಮ್ ಊಹಿಸಿಕೊಳ್ಳಿ. ಒಂದು ಎಲ್‌ಇಡಿಯ ವೃತ್ತ ಕತ್ತರಿಸಿ, ವಿಲೋಮ ಎಫ್‌ಎಫ್‌ಟಿ (ಸ್ಪೆಕ್ಟ್ರಮ್‌ನಿಂದ ಚಿತ್ರಕ್ಕೆ ಮರಳುವ ಲೆಕ್ಕ) ಮಾಡಿ, ಆಂಪ್ಲಿಟ್ಯೂಡ್ (ಅಲೆಯ ಎತ್ತರ) ಜಾಗದಲ್ಲಿ ಅಳೆದ ತೀವ್ರತೆಯ ವರ್ಗಮೂಲ ಹಾಕಿ, ಫೇಸ್ ಹಾಗೇ ಉಳಿಸಿ, ಎಫ್‌ಎಫ್‌ಟಿ ಮಾಡಿ ವಾಪಸು ಅಂಟಿಸಿ. ಮಧ್ಯದಿಂದ ಹೊರಕ್ಕೆ 225ಕ್ಕೂ ಮಾಡಿ, ಹತ್ತು ಸುತ್ತು ಹಾಕಿ. ವರ್ಗಮೂಲದ ಬದಲು ತೀವ್ರತೆಯನ್ನೇ ಹೊಂದಿಸುವ ಲಾಸ್ ಬಳಸಿದರೆ ನೈಜ ದತ್ತಾಂಶದಲ್ಲಿ ಬೇಗ ಕೆಡುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಹಲವು ಅಲ್ಗಾರಿದಂಗಳನ್ನು ಒಂದಕ್ಕೊಂದು ಹೋಲಿಸಿ ಇದನ್ನು ತೋರಿಸಿದೆ. ಲೆನ್ಸಿನ ದೋಷವನ್ನೂ ಜೊತೆಗೇ ಕಂಡುಹಿಡಿಯುವ ರೂಪ ಕ್ಯಾಲ್ಟೆಕ್‌ನಿಂದಲೇ 2014ರಲ್ಲಿ ಬಂತು, ಅದನ್ನೇ ಬಳಸಿ. ಆದರೆ ಸ್ಥಾನ ಸರಿಪಡಿಸಿದ ಮೇಲೆ. ಇಲ್ಲದಿದ್ದರೆ ಪ್ಯಾನಲ್‌ನ ತಪ್ಪೆಲ್ಲ ಲೆನ್ಸಿನ ತಲೆಗೆ ಬರುತ್ತದೆ.

ಚಿತ್ರ ಏನೇ ಮಾಡಿದರೂ ಕಲಸಿಹೋಗಿದ್ದರೆ ಮೊದಲು ದಿಕ್ಕು ನೋಡಿ. ಆಬ್ಜೆಕ್ಟಿವ್ ತಲೆಕೆಳಗು ಮಾಡುತ್ತದೆ, ಕ್ಯಾಮೆರಾ ಅಡ್ಡ ಕೂತಿರಬಹುದು, ಪ್ಯಾನಲ್‌ನ ಸಾಲು-ಕಂಬ ಅದಲುಬದಲಾಗಿರಬಹುದು. ತಿರುವಿ ಮಗುಚಿದರೆ ಇರುವ ಸಾಧ್ಯತೆ ಎಂಟೇ. ಎಂಟನ್ನೂ ಓಡಿಸಿ, ಉಳಿಕೆ ದೋಷ ಯಾವುದರಲ್ಲಿ ಕಡಿಮೆಯೋ ಅದನ್ನು ಇಟ್ಟುಕೊಳ್ಳಿ. ಎರಡನೇ ಆರೋಪಿ, ಸ್ಪೆಕ್ಟ್ರಮ್‌ನ ಮಧ್ಯಬಿಂದು. ಎಣಿಕೆ ಸೊನ್ನೆಯಿಂದ ಶುರುವಾಗುವ ನಮ್‌ಪೈಯಲ್ಲಿ ಅದು 128ನೇ ಸೂಚ್ಯಂಕ, ಒಂದರಿಂದ ಶುರುವಾಗುವ ಮ್ಯಾಟ್‌ಲ್ಯಾಬ್‌ನಲ್ಲಿ 129.

ಈಗ ಪರೀಕ್ಷೆಯ ವಿಷಯ. ಇಲ್ಲಿ ಕಣ್ಣಿಗೆ ಮಣ್ಣೆರಚುವ ಕೆಲಸ ಜೋರಾಗಿದೆ. ಸಾಮಾನ್ಯವಾಗಿ ಸಿಗುವ 1951ರ ಯುಎಸ್‌ಎಎಫ್ (ಅಮೆರಿಕದ ವಾಯುಪಡೆ) ರೆಸಲ್ಯೂಶನ್ ಪಟ್ಟಿ, ಅಂದರೆ ಗುಂಪು ಗುಂಪಾಗಿ ಕಿರಿದಾಗುತ್ತ ಹೋಗುವ ಗೆರೆಗಳ ಗಾಜು, ಗ್ರೂಪ್ 7, ಎಲಿಮೆಂಟ್ 6ಕ್ಕೆ ಮುಗಿಯುತ್ತದೆ. ಗೆರೆಯ ಅಗಲ 2.19 ಮೈಕ್ರಾನ್. ಒಂದೇ ಎಲ್‌ಇಡಿ ಹೊತ್ತಿಸಿದ 4x ಚಿತ್ರದಲ್ಲಿ ಅದು ಕಾಣುವುದಿಲ್ಲ, ಲೆಕ್ಕ ಮಾಡಿದ ಚಿತ್ರದಲ್ಲಿ ಕಾಣುತ್ತದೆ. ಎರಡನ್ನೂ ಪಕ್ಕಪಕ್ಕ ಹಾಕಿ ಭಾರಿ ಸುಧಾರಣೆ ಅನ್ನುತ್ತಾರೆ. ಆದರೆ ಮಾಮೂಲಿ ದೀಪದ ಅಗಲ ಬೆಳಕಿನಲ್ಲಿ ಅದೇ 0.1 ಎನ್‌ಎ ಆಬ್ಜೆಕ್ಟಿವ್‌ನ ಮಿತಿ ಗೆರೆಯ ಅಗಲಕ್ಕೆ 1.6 ಮೈಕ್ರಾನ್ ಹತ್ತಿರ. ಅಂದರೆ ಆ ಗೆರೆ ಯಾವ ಲೆಕ್ಕವೂ ಇಲ್ಲದೆ ಮಸುಕಾಗಿಯಾದರೂ ಕಾಣಬೇಕಾದದ್ದೇ. ನ್ಯಾಯವಾದ ಹೋಲಿಕೆ ಬೇಕಿದ್ದರೆ ಬ್ರೈಟ್‌ಫೀಲ್ಡ್‌ನ 13 ಚಿತ್ರಗಳನ್ನು ಕೂಡಿಸಿ ಅದರ ಪಕ್ಕ ಇಡಿ. ನಮ್ಮ 0.73 ಮೈಕ್ರಾನ್ ಸಾಬೀತು ಮಾಡಲು ಗ್ರೂಪ್ 9 ಇರುವ ಪಟ್ಟಿಯೇ ಬೇಕು. ಅಲ್ಲಿ ಎಲಿಮೆಂಟ್ 3, ಅಂದರೆ 0.78 ಮೈಕ್ರಾನ್, ಕಾಣಬೇಕು. ಎಲಿಮೆಂಟ್ 4, ಅಂದರೆ 0.69, ಕಾಣಬಾರದು. ಪಟ್ಟಿ ಪ್ಯಾನಲ್‌ಗೆ ನೇರವಾಗಿ ಕೂತಿರುವಾಗ ಎಲಿಮೆಂಟ್ 4 ಚೊಕ್ಕವಾಗಿ ಕಂಡರೆ ಅದು ಬೆಳಕಿನಿಂದ ಬಂದದ್ದಲ್ಲ, ನೆಟ್‌ವರ್ಕ್ ತನ್ನ ಕಲಿಕೆಯಿಂದ ಬರೆದದ್ದು. ಪರೀಕ್ಷಕರು ಇಷ್ಟು ಕೇಳಿದರೂ ಅರ್ಧ ವೈವಾ ಮುಗಿದಂತೆ.

ಇನ್ನೊಂದು, ಯುಎಸ್‌ಎಎಫ್ ಪಟ್ಟಿ ಫೇಸ್ ಬಗ್ಗೆ ಏನೂ ಹೇಳುವುದಿಲ್ಲ. ಅದಕ್ಕೆ 3 ಮೈಕ್ರಾನ್‌ನ ಪಾಲಿಸ್ಟೈರೀನ್ ಮಣಿಗಳನ್ನು ಇಮ್ಮರ್ಶನ್ ಎಣ್ಣೆಯಲ್ಲಿ ಹಾಕಿ ನೋಡಿ. ವಕ್ರೀಭವನಾಂಕದ ವ್ಯತ್ಯಾಸ 0.07 ಹತ್ತಿರ, ಹಾಗಾಗಿ ಮಣಿಯ ನಡುವೆ ಸುಮಾರು 2 ರೇಡಿಯನ್ ಫೇಸ್ ಬರಬೇಕು. 5 ಮೈಕ್ರಾನ್ ಮಣಿ ಹಾಕಿದರೆ ಪೈ ದಾಟಿ ಸುತ್ತಿಕೊಳ್ಳುತ್ತದೆ, ಅಂದರೆ ಲೆಕ್ಕ ಮೈನಸ್ ಪೈಗೆ ಹಾರುತ್ತದೆ, ಶುರುವಿಗೆ ಬೇಡ.

ನ್ಯೂರಲ್ ನೆಟ್‌ವರ್ಕ್‌ಗೆ ನನ್ನ ವಿರೋಧವಿಲ್ಲ. 225ರ ಬದಲು ಕೆಲವೇ ಚಿತ್ರಗಳಲ್ಲಿ ಕೆಲಸ ಮುಗಿಸಲು ಅದು ನಿಜವಾಗಿ ಉಪಯುಕ್ತ. ನನ್ನ ತಕರಾರು ತರಬೇತಿಗೂ ಪರೀಕ್ಷೆಗೂ ಒಂದೇ ಕಾಲ್ಪನಿಕ ಮಾದರಿ ಬಳಸುವುದಕ್ಕೆ, ಇಲ್ಲವೇ ಒಂದೇ ಸ್ಲೈಡಿನ ಚೌಕಗಳನ್ನು ಎರಡು ಪಾಲು ಮಾಡಿ ತರಬೇತಿ-ಪರೀಕ್ಷೆ ಅನ್ನುವುದಕ್ಕೆ. ರಕ್ತದ ಸ್ಲೈಡಿನ ಮೇಲೆ ಕೆಲಸ ಮಾಡುವವರಾದರೆ ಬೇರೆ ರೋಗಿಯ, ಬೇರೆ ದಿನ ಬಣ್ಣ ಹಾಕಿದ ಸ್ಲೈಡಿನಲ್ಲಿ ಪರೀಕ್ಷಿಸಿ. ಅಲ್ಲಿ ಇಲ್ಲದ ಪರೋಪಜೀವಿಯನ್ನು ನೆಟ್‌ವರ್ಕ್ ಬರೆದರೆ ಅದಕ್ಕೆ ಡೆಸಿಬಲ್ ಲೆಕ್ಕ ಉತ್ತರ ಕೊಡುವುದಿಲ್ಲ.

ಎರಡು ವಿಭಾಗ ಕೂಡಿ ಕೆಲಸ ಮಾಡುವುದು ನಮ್ಮಲ್ಲಿ ಆಗದ ಮಾತು ಅನ್ನುವವರಿಗೆ: ಸಿ.ಟಿ. ಸ್ಕ್ಯಾನ್ ಲೆಕ್ಕದಲ್ಲಿ ಇವತ್ತಿಗೂ ಹೆಸರು ಉಳಿಸಿಕೊಂಡಿರುವ ರಾಮ್-ಲ್ಯಾಕ್ ಫಿಲ್ಟರ್ 1971ರಲ್ಲಿ ಜಿ.ಎನ್. ರಾಮಚಂದ್ರನ್ ಮತ್ತು ಎ.ವಿ. ಲಕ್ಷ್ಮೀನಾರಾಯಣನ್ ಕೊಟ್ಟದ್ದು. ರಾಮಚಂದ್ರನ್ ಆಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು. ಎಕ್ಸ್-ರೇ ಚಿತ್ರಗಳಿಂದ ಮೂರು ಆಯಾಮದ ರೂಪ ಪಡೆಯಲು ಫೋರಿಯರ್ ಪರಿವರ್ತನೆಯ ಭಾರ ಹೊರುವ ಬದಲು ನೇರ ಕನ್ವಲ್ಯೂಶನ್ (ಅಕ್ಕಪಕ್ಕದ ಅಳತೆಗಳನ್ನು ತೂಕ ಹಾಕಿ ಕೂಡಿಸುವ ಲೆಕ್ಕ) ಸಾಕು ಅಂತ ತೋರಿಸಿದವರು ಅವರು. ಹರಳುಗಳ ರಚನೆ ಕಂಡುಹಿಡಿಯುವ ಕ್ರಿಸ್ಟಲೋಗ್ರಫಿ ಗೊತ್ತಿದ್ದವರಿಗೇ ಅದು ಹೊಳೆದದ್ದು.

ಆದ್ದರಿಂದ ಮಾರ್ಗದರ್ಶಕರಲ್ಲಿ ನನ್ನ ಕೋರಿಕೆ ಇಷ್ಟು. ಇಂಥ ವಿಷಯ ಕೊಟ್ಟರೆ ಎರಡೂ ವಿಭಾಗದಿಂದ ಒಬ್ಬೊಬ್ಬ ವಿದ್ಯಾರ್ಥಿಯನ್ನು ಹಾಕಿ, ಇಬ್ಬರೂ ಒಂದೇ ಟೇಬಲ್ ಮುಂದೆ ಕೂರಲಿ. ಮೊದಲ ಸೆಮಿಸ್ಟರ್ ಪೂರ್ತಿ ಪ್ಯಾನಲ್, ಕ್ಯಾಮೆರಾ, ಸ್ಥಾನದ ಅಳತೆ. ಪ್ರಬಂಧದ ಜೊತೆ 225 ರಾ ಚಿತ್ರ, ಪ್ರತಿ ಎಕ್ಸ್‌ಪೋಶರ್‌ನ ಕತ್ತಲೆ ಫ್ರೇಮ್, ಕಂಡುಕೊಂಡ ನಾಲ್ಕು ಸಂಖ್ಯೆಗಳು ಕಡ್ಡಾಯವಾಗಿ ಇರಲಿ. ಒಂದು ರಾ ಚಿತ್ರ 16 ಬಿಟ್ ಫೈಲಿನಲ್ಲಿ 10 ಎಂಬಿ ಆಗುತ್ತದೆ. ಎಲ್ಲ ಸೇರಿದರೂ ಎರಡೂಕಾಲು ಜಿಬಿ ಚಿಲ್ಲರೆ, ಒಂದು ಪೆನ್‌ಡ್ರೈವ್‌ಗೆ ಸಾಕು.